ಎರಡು ಬೀಜ ಇಡುವ ಜಾಗ

ಮನೆಯಿಲ್ಲದವರಿಗೆ ಸೈಟ್ ಕೊಡುವ ಯೋಜನೆಗೆಂದು ಮಡಿಕೇರಿಯಿಂದ ಬಂದ ತನ್ಮಯೀ ಮೇಡಂ ಪಂಚಾಯಿತಿ ಸಭಾಂಗಣದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರನ್ನೇ ಬರೆದುಬಿಟ್ಟಿದ್ದರು. ಸುಂಟಿಕೊಪ್ಪದ ರಸ್ತೆ, ನೀರು ಹರಿಯುವ ತೋಡು, ಬಸ್ ಸ್ಟ್ಯಾಂಡು, ಆಚೀಚೆ ಕಾಫಿ ಎಸ್ಟೇಟು, ನಡುವೆ ಚೌಕ ಹಾಕಿದ ಪಂಚಾಯಿತಿ. ಪಕ್ಕದಲ್ಲಿ ಒಂದು ಬಟ್ಟಲು ಕಾಫಿ ಬೀಜ.

"ಮನೆ ಇಲ್ಲದವರು ಎಲ್ಲೆಲ್ಲಿ ಮಲಗ್ತೀರಿ, ಅಲ್ಲಿ ತಲೆಗೊಂದು ಬೀಜ ಇಡಿ. ಯೋಜನೆ ನಾವು ಮಾಡೋದಲ್ಲ, ನೀವೇ ಮಾಡೋದು."

ಕವನಾ ಗೋಡೆಗೆ ಒರಗಿ ಕೂತಿದ್ದಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾಲ್ಕು ಜನರೆದುರು ಬಾಯಿ ತೆರೆದವಳಲ್ಲ. ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಅದೀಗ ಹಿಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಪ್ರಜ್ಞೇಶನ ಮೇಲಿತ್ತು. ಎಸ್ಟೇಟಿನ ರೈಟರ್ ಅವನು, ಕೆಲಸದವರ ಹಾಜರಿ ಬರೆಯುವವನು. ಮನೆ, ಜೀಪು ಎಲ್ಲ ಇರುವವನಿಗೆ ಮನೆಯಿಲ್ಲದವರ ಸಭೆಯಲ್ಲಿ ಏನು ಕೆಲಸ?

ಅಮ್ಮ ವನಜಮ್ಮನಿಗೆ ಮಂಡಿ ಹಿಡಿದುಕೊಂಡು ಕಾಫಿ ಹಣ್ಣಿನ ಪಿಕಿಂಗಿಗೆ ಹೋಗಲಾಗದಿದ್ದಾಗ, ಕೆಲಸದವರಿಗೆಂದು ಎಸ್ಟೇಟು ಕೊಟ್ಟಿದ್ದ ಲೈನ್ ಮನೆ ಖಾಲಿ ಮಾಡಿಸಿದವನು ಅವನೇ. ಈಗ ತಾಯಿ ಮಗಳು ಮಲಗುವುದು ಅದೇ ಎಸ್ಟೇಟಿನೊಳಗೆ, ತೋಡಿನಾಚೆಯ ಹಳೆಯ ಗೊಬ್ಬರದ ಶೆಡ್ಡಿನಲ್ಲಿ. ಅದು ಅವನಿಗಿನ್ನೂ ಗೊತ್ತಿಲ್ಲ. ಹೋದ ವರ್ಷವೂ ಯಾರೋ ಯಾರ್ಯಾರು ಎಲ್ಲೆಲ್ಲಿ ಮಲಗುತ್ತಾರೆಂದು ಇಂಥದೇ ಪಟ್ಟಿ ಬರೆದುಕೊಂಡು ಹೋಗಿದ್ದರು. ವಾರದೊಳಗೆ, ಇವರಂತೆಯೇ ಮನೆಯಿಲ್ಲದ ಸಿದ್ದರಾಜು ಕಟ್ಟಿಕೊಂಡಿದ್ದ ಟಾರ್ಪಾಲು ಕಿತ್ತೆಸೆದಿದ್ದರು. ಯಾರು ಎಂದು ಇವತ್ತಿಗೂ ಯಾರೂ ಹೇಳಿಲ್ಲ.

ಆ ಸಿದ್ದರಾಜುವೇ ಮೊದಲು ಎದ್ದು ಬಸ್ ಸ್ಟ್ಯಾಂಡಿನ ಮೇಲೆ ಬೀಜ ಇಟ್ಟ. "ಇದ್ನ ಹುರಿದು ಕಾಫಿ ಕೊಡ್ತೀರಾ ಮೇಡಂ, ಇಲ್ಲ ಬರೀ ನೋಡೋಕಾ?"

ಎಲ್ಲರೂ ನಕ್ಕರು. ಪ್ರಜ್ಞೇಶ್ ನಗಲಿಲ್ಲ. ಮೊಬೈಲು ಎತ್ತಿ ನೆಲದ ಫೋಟೋ ತೆಗೆದ.

"ಇಡು ಮಗ," ವನಜಮ್ಮ ಕಿವಿಯಲ್ಲಿ ಹೇಳಿದಳು. "ಇಟ್ಟವರಿಗೆ ಮಾತ್ರ ಸೈಟಂತೆ."

"ಇಟ್ರೆ ಇರೋದೂ ಹೋಗ್ತದೆ ಅಮ್ಮ. ರೈಟರ್ ನೋಡ್ತಾ ಇದ್ದಾರೆ."

"ಇಡದಿದ್ರೆ ಈ ಮಳೆಗಾಲಾನೂ ಅಲ್ಲೇನಾ?"

ಅಷ್ಟರಲ್ಲಿ ಮೇಡಂ ಬಟ್ಟಲನ್ನು ಎದುರಿಗೇ ತಂದು ಹಿಡಿದರು. "ನಾಚ್ಕೋಬೇಡ ಕವನಾ, ತಗೋ."

ಹೆಸರು ಇವರಿಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು? ಕವನಾ ಎರಡು ಬೀಜ ತೆಗೆದುಕೊಂಡು ರಂಗೋಲಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಹಿಂದೆ ಬೆಂಚು ಕಿರುಗುಟ್ಟಿತು. ಪ್ರಜ್ಞೇಶ್ ಎದ್ದು ಬಂದು ಬೆನ್ನ ಹಿಂದೆಯೇ ನಿಂತ. ತೋಡಿನವರೆಗೆ ಹೋದ ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ಬಂದು ಎರಡೂ ಬೀಜವನ್ನು ಪಂಚಾಯಿತಿಯ ಚೌಕದೊಳಗೆ ಇಟ್ಟಿತು.

"ಓಹೋ! ಪ್ರೆಸಿಡೆಂಟ್ರ ಟೇಬಲ್ ಮೇಲೆ ಮಲಗ್ತೀಯೇನೆ?" ಎಂದ ಪ್ರಜ್ಞೇಶ್.

ಕವನಾಳ ಕಿವಿ ಬಿಸಿಯಾಯಿತು. ನೆಲ ನೋಡುತ್ತಲೇ ಹೇಳಿದಳು: "ಹೆಸ್ರು ಮೊದ್ಲು ಬರ್ಕೊಳ್ಳಿ ಮೇಡಂ. ಸೈಟ್ ಕೊಡೋ ದಿನ ಇಲ್ಲಿಗೇ ಕರೀರಿ, ಬರ್ತೀವಿ. ಮಲಗೋದೆಲ್ಲಿ ಅಂತ ಯಾಕೆ ಬೇಕು?"

ಸಿದ್ದರಾಜು ಬಗ್ಗಿ ತನ್ನ ಬೀಜವನ್ನೂ ಎತ್ತಿ ಅವಳದರ ಪಕ್ಕ ಇಟ್ಟ. "ನಂದೂ ಇಲ್ಲೇ."

ತನ್ಮಯೀ ಮೇಡಂ ಪ್ರಜ್ಞೇಶನ ಮೊಬೈಲನ್ನು ಈಗಷ್ಟೇ ಕಂಡವರಂತೆ ನೋಡಿದರು. ಕೂತು ಪುಸ್ತಕ ಬಿಡಿಸಿದರು. ವನಜಮ್ಮ, ಕವನಾ ಎಂದು ಬರೆದು ವಿಳಾಸದ ಕಾಲಂನಲ್ಲಿ ಪೆನ್ನು ನಿಲ್ಲಿಸಿದರು.

"ಖಾಲಿ ಬಿಡಿ," ಎಂದಳು ಕವನಾ.

"ಖಾಲಿ ಬಿಟ್ರೆ ಮೇಲಿನವ್ರು ಒಪ್ಪಲ್ಲ ಮಾರಾಯ್ತಿ."

"ಹಾಗಾದ್ರೆ ಪಂಚಾಯಿತಿ ಆಫೀಸು ಅಂತ ಬರೀರಿ."

ಮೇಡಂ ಬರೆದರು. ಕವನಾ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಎರಡು ಸಲ ಓದಿದಳು. ಬೇರೇನೂ ಸೇರಿಸಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅಮ್ಮನ ಹೆಬ್ಬೆರಳು ಹಿಡಿದು ಇಂಕ್ ಪ್ಯಾಡಿಗೆ ಒತ್ತಿದಳು.