ಸುಮ್ಮನೆ ನುಡಿಸಿದ ಸಂಜೆ

ಅವಳಿಗೆ ಕಿಸಕ್ಕ ಎಂದು ಹೆಸರಿಟ್ಟವರು ಸಂಗೀತಶಾಲೆಯ ಸಣ್ಣ ಮಕ್ಕಳು. ಪಾಠದ ನಡುವೆ ಎಲ್ಲಿಂದಲೋ ನಗು ಬಂದು ಅವಳು ಕಿಸಕ್ಕನೆ ನಗುತ್ತಿದ್ದಳು. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಅಕ್ಕ ಎನ್ನಲೇಬೇಕಿತ್ತು. ಮಕ್ಕಳು ಎರಡನ್ನೂ ಸೇರಿಸಿ ಸಂಧಿ ಮಾಡಿದರು. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ.

ಆ ನಗುವಿಗೆ ಕಾರಣ ಬೇಕೆಂದೇನೂ ಇಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ತಾಳ ಹಾಕುವಾಗ ಅವರ ಕನ್ನಡಕ ತಾಳಕ್ಕೆ ಸರಿಯಾಗಿ ಮೂಗಿನ ಮೇಲೆ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಅಷ್ಟು ಸಾಕು. ನಗು ಹೊಟ್ಟೆಯಲ್ಲಿ ಗುಳ್ಳೆಯ ಹಾಗೆ ಎದ್ದು, ಕೆನ್ನೆಗಳಲ್ಲಿ ತಡೆದು ನಿಂತು, ಬಾಯಿ ಬಿಗಿ ಹಿಡಿದರೆ ಮೂಗಿನಿಂದಲಾದರೂ ಹೊರಗೆ ಬರುತ್ತಿತ್ತು. ಆದರೆ ಅವಳ ಕೈ ಮಾತ್ರ ನಗೆಯಾಡುತ್ತಿರಲಿಲ್ಲ. ಅಂಗೈಯಲ್ಲಿ ಬಾರಿಸುವ ಜೋಡಿ ಡ್ರಮ್ಮಿನ ಮೇಲೆ ಅವಳ ಕೈ ಬಿತ್ತೆಂದರೆ, ಪಕ್ಕದ ಸೈಕಲ್ ಅಂಗಡಿಯವನು ಪಂಪು ಒತ್ತುವುದನ್ನೂ ಅದೇ ಲಯಕ್ಕೆ ತಿರುಗಿಸಿಕೊಳ್ಳುತ್ತಿದ್ದ.

ಅವಳಿಗೆ ಇದ್ದದ್ದು ಒಂದೇ ಆಸೆ, ಮೇಲಿನ ತರಗತಿ. ಅದು ನಿಜಕ್ಕೂ ಮೇಲೆ, ಮಹಡಿಯ ಕೋಣೆಯಲ್ಲಿ ಇತ್ತು. ಅಲ್ಲಿಂದ ಇಳಿದು ಬರುವವರ ನಡಿಗೆಯೇ ಬೇರೆ. ಮೇಷ್ಟ್ರು ಕೈ ಪಾಸಾಗಿದೆ, ಬಾಯಿ ಬಾಕಿ ಇದೆ ಎಂದಿದ್ದರು. ವರ್ಷದ ಕೊನೆಯ ಸಭೆಯಲ್ಲಿ ಒಂದು ಸಲ ನಗದೆ ಕೂತು ಎದ್ದು ಬಂದರೆ ಮೇಲಿನ ಬಾಗಿಲು ತೆಗೆಯುತ್ತೇನೆ, ನಕ್ಕರೆ ಇನ್ನೊಂದು ವರ್ಷ ಕೆಳಗೇ ನಗುತ್ತಿರು ಎಂದೂ ಹೇಳಿದ್ದರು.

ಈ ಸಲದ ಸಭೆಗೆ ಅವರು ಆರಿಸಿದ ವಿಷಯ ಶಾಂತಿ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಶಾಂತಿ ಎಂದರೇನೋ ಅದನ್ನು ವೇದಿಕೆಯ ಮೇಲೆ ತೋರಿಸಬೇಕು, ಆದರೆ ಎಲ್ಲರೂ ಒಟ್ಟಿಗೆ. ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಮೇಷ್ಟ್ರ ಗಂಟಲು ಪೂರ್ತಿ ಕಟ್ಟಿತು. ಸಭೆಯ ದಿನದವರೆಗೆ ಮನೆಯಲ್ಲೇ ಇದ್ದು ಗಂಟಲಿಗೆ ರಜ ಕೊಡಬೇಕೆಂದು ಡಾಕ್ಟರು ಗದರಿಸಿದ್ದರು. ಹೊರಡುವಾಗ ಹುಡುಗರೆಲ್ಲ ಹೇಗೆ ಮಾಡಬೇಕು, ಏನು ಮಾಡಬೇಕು ಎಂದು ಮುತ್ತಿಕೊಂಡಾಗ ಅವರು ಪಿಟೀಲಿನ ಹುಡುಗಿಯ ಕಿವಿಯಲ್ಲಿ ಉಸಿರಿನಷ್ಟು ಸಣ್ಣಗೆ ಏನೋ ಹೇಳಿ, ಮಫ್ಲರು ಸುತ್ತಿಕೊಂಡು ಹೊರಟುಹೋದರು.

ಪಿಟೀಲಿನ ಹುಡುಗಿಯ ಅಡ್ಡಹೆಸರು ಶಿಸ್ತು. ಪಿಟೀಲು ಒರೆಸುವ ಬಟ್ಟೆಗೂ ಅವಳು ಇಸ್ತ್ರಿ ಹಾಕುತ್ತಿದ್ದಳು. ಮೇಷ್ಟ್ರು ಬೀದಿಯ ತಿರುವು ದಾಟುವ ತನಕ ನೋಡಿ, ಒಳಗೆ ಬಂದು, ದೊಡ್ಡ ಗುಟ್ಟು ಬಿಚ್ಚುವವಳಂತೆ ದನಿ ತಗ್ಗಿಸಿದಳು.

"ಸುಮ್ಮನೆ ನುಡಿಸಬೇಕಂತೆ."

"ಸುಮ್ಮನೆ ಅಂದ್ರೆ?" ಎಂದ ಕೊಳಲು ನುಡಿಸುವವನು. ಅವನನ್ನು ಎಲ್ಲರೂ ಕೊಳಲಣ್ಣ ಎನ್ನುತ್ತಿದ್ದರು.

"ಸುಮ್ಮನೆ ಅಂದ್ರೆ ಸುಮ್ಮನೆ. ಸದ್ದೇ ಮಾಡಬಾರದು. ಶಾಂತಿ ಅಲ್ವಾ? ಪಿಟೀಲಿನ ಕಮಾನು ತಂತಿಗೆ ಮುಟ್ಟಬಾರದು, ಕೊಳಲಿಗೆ ಉಸಿರು ಹೋಗಬಾರದು. ಕೂತೋರಿಗೆ ಮನಸ್ಸಲ್ಲೇ ಕೇಳಬೇಕು."

ಇಷ್ಟನ್ನೆಲ್ಲ ಮೇಷ್ಟ್ರೇ ಹೇಳಿದರೇ ಎಂದು ಯಾರೂ ಕೇಳಲಿಲ್ಲ. ಅಂಥ ದೊಡ್ಡ ಮಾತಿನ ಎದುರು ಅಷ್ಟು ಸಣ್ಣ ಪ್ರಶ್ನೆ ಕೇಳುವುದಕ್ಕೆ ನಾಚಿಕೆಯಾಯಿತು. ನಾಲ್ವರಲ್ಲಿ ಹಾಡುವವಳಂತೂ ಕಣ್ಣೊರೆಸಿಕೊಂಡಳು. ಕಿಸಕ್ಕ ತನ್ನ ಡ್ರಮ್ಮನ್ನು ನೋಡಿದಳು, ಬಾಯಿ ಕಟ್ಟಿದ ಕರುವನ್ನು ನೋಡುವ ಹಾಗೆ.

ಅಭ್ಯಾಸ ಶುರುವಾಯಿತು. ಶಿಸ್ತಿನ ಶಾಂತಿ ಎಂದರೆ ಒಂದು ನೇರ ಗೆರೆ. ಅವಳ ಕಮಾನು ತಂತಿಗಿಂತ ಕೂದಲೆಳೆಯಷ್ಟು ಮೇಲೆ ಎಲ್ಲೂ ನಡುಗದೆ ಹೋಗಿ ಬರುತ್ತಿತ್ತು. ಕೊಳಲಣ್ಣ ಬೆಳಗಿನ ಜಾವ ಬೇಕರಿಯಲ್ಲಿ ದುಡಿದು ಬರುವವನು. ಕೊನೆಯ ಟ್ರೇ ಹೊರಗೆಳೆದು, ಹಿಟ್ಟಿನ ಮೂಟೆಗೆ ಬೆನ್ನು ಕೊಟ್ಟು ಕೂರುವ ಗಳಿಗೆಯೇ ಅವನ ಶಾಂತಿ. ಹಾಡುವವಳ ಅಪ್ಪ ಅಮ್ಮನಿಗೆ ಟೀವಿ ರಿಮೋಟಿಗಾಗಿ ದಿನವೂ ಜಗಳ. ಆದ್ದರಿಂದ ಅವಳ ಶಾಂತಿ ಕರೆಂಟು ಹೋದ ಸಂಜೆ. ನಿನ್ನದೇನೆಂದು ಕೇಳಿದರೆ ಕಿಸಕ್ಕ ಯೋಚಿಸುತ್ತಿದ್ದೇನೆ ಎನ್ನುತ್ತಿದ್ದಳು. ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯುತ್ತಿರಲಿಲ್ಲ.

ಹೊಳೆಯುವುದಕ್ಕೆ ಬಿಡುವಾದರೂ ಎಲ್ಲಿ? ಎದುರಿಗೆ ಕೊಳಲಣ್ಣ ಕೆನ್ನೆ ಉಬ್ಬಿಸಿ, ಉಸಿರು ಎಲ್ಲಿ ಬಿಡಬೇಕೆಂದು ತಿಳಿಯದೆ, ಕಿವಿಯಿಂದ ಬಿಡುವವನಂತೆ ಕಣ್ಣರಳಿಸುತ್ತಿದ್ದ. ಹಾಡುವವಳು ಅಗಲವಾಗಿ ಬಾಯಿ ತೆರೆದು ತಾರಕಕ್ಕೆ ಹೋಗಿ ನಿಂತಾಗ ಒಂದು ನೊಣ ಒಳಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ಸುತ್ತುತ್ತಿತ್ತು. ಕಿಸಕ್ಕ ಸಿಡಿದಳು. ಅವಳಿಂದ ಕೊಳಲಣ್ಣನಿಗೆ ಹತ್ತಿತು, ಅವನಿಂದ ಹಾಡುವವಳಿಗೆ. ಮೂವರೂ ಗೋಡೆಗೆ ತಲೆ ಆನಿಸಿ ಹೊಟ್ಟೆ ಹಿಡಿದುಕೊಂಡು ಕೂತರು. ಶಿಸ್ತು ಮಾತ್ರ ನಗಲಿಲ್ಲ. ಅವಳು ಕಮಾನನ್ನು ಪೆಟ್ಟಿಗೆಗಿಟ್ಟು, ಕಿಸಕ್ಕನಿಗೆ ಮೇಲಿನ ತರಗತಿಯನ್ನು ನೆನಪಿಸಿದಳು. ಆಗ ನಗು ನಿಂತಿತು, ಒಲೆಯ ಮೇಲಿನ ಹಾಲು ಕೆಳಗಿಳಿಸಿದ ಹಾಗೆ.

ಶಾಂತಿಯ ವಿಚಾರ ಅಜ್ಜನನ್ನೇ ಕೇಳೋಣವೆಂದು ಅವಳು ಮನೆಗೆ ಬಂದಳು.

ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಬೆಳಗಾದರೆ ಕೈಗಡಿಯಾರವನ್ನು ಕಿವಿಗಿಟ್ಟು ಕೇಳುವ ಅಭ್ಯಾಸ ಹೋಗಿರಲಿಲ್ಲ. ಮೊದಲು ಗಡಿಯಾರ ನಡೆಯುತ್ತಿದೆಯೇ ಎಂದು ಕೇಳುತ್ತಿದ್ದರು. ಈಗ ಕಿವಿ ನಡೆಯುತ್ತಿದೆಯೇ ಎಂದು. ಬಲಗಿವಿ ಆಗಲೇ ನಿಂತಿತ್ತು. ಎಡಗಿವಿಯೂ ಯಾವತ್ತು ಬೇಕಾದರೂ ನಿಲ್ಲಬಹುದೆಂದು ಡಾಕ್ಟರು ಹೇಳಿದ್ದನ್ನು ಮನೆಯವರು ಮುಚ್ಚಿಟ್ಟಿದ್ದರು. ಆದರೆ ಆ ಒಂದು ಮಾತು ಮಾತ್ರ ಅಜ್ಜನಿಗೆ ಸರಿಯಾಗಿ ಕೇಳಿಸಿಬಿಟ್ಟಿತ್ತು.

ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಅವರು ಬಾಯಿಪಾಠದ ಪದ್ಯಗಳನ್ನು ಹೇಳಿಕೊಳ್ಳುವುದು ರೂಢಿ. ಕೈಮುಗಿದು, ಒಂದೊಂದು ಪದವನ್ನೂ ಬಿಡಿಸಿ, ಸಾಲಿನ ಕೊನೆಗೆ ಒಂದು ನಿಲುಗಡೆ ಕೊಟ್ಟು. ಆ ನಿಲುಗಡೆಯಲ್ಲಿ ಮೊಮ್ಮಗಳದು ಡ್ರಮ್ಮಿಗೆ ಒಂದು ಪೆಟ್ಟು. ಅವಳು ತಾಳ ಕಲಿತದ್ದೇ ಆ ನಿಲುಗಡೆಗಳಲ್ಲಿ. ಹೇಳುತ್ತ ಹೇಳುತ್ತ ಅಜ್ಜನ ತಲೆ ವಾಲಿ ಪದ್ಯ ಗೊರಕೆಗೆ ತಿರುಗುತ್ತಿತ್ತು. ಆಮೇಲೂ ಅವಳು ಬಾರಿಸುತ್ತಲೇ ಇರಬೇಕು. ನಿಲ್ಲಿಸಿದರೆ ತಟ್ಟನೆ ಎಚ್ಚರ. "ಯಾಕೆ ತಾಯಿ ನಿಲ್ಸಿದೆ? ಈಗಷ್ಟೇ ಕಣ್ಣು ಹತ್ತಿತ್ತು." ಅಕ್ಕಪಕ್ಕದವರಿಗೆ ಆ ಹೊತ್ತಿನಲ್ಲಿ ಕಣ್ಣು ಹತ್ತುತ್ತಲೇ ಇರಲಿಲ್ಲ, ಅದು ಬೇರೆ ಮಾತು.

"ಅಜ್ಜ, ನಿಮಗೆ ಶಾಂತಿ ಅಂದ್ರೆ ಏನು?"

"ವಾಂತಿನಾ? ಅಷ್ಟು ತಿನ್ಬೇಡ ಅಂದೆ, ಕೇಳಿದ್ಯಾ?"

"ವಾಂತಿ ಅಲ್ಲಜ್ಜ. ಶಾಂತಿ."

"ಹೂಂ, ಶುಂಠಿನೇ. ಮೇಲಿನ ಡಬ್ಬೀಲಿ ಇದೆ, ಒಂದು ಚೂರು ಕಚ್ಕೋ."

ಅವಳು ನಕ್ಕು ನಕ್ಕು ನೆಲಕ್ಕೇ ಕೂತಳು. ಪಾಪ, ಮಗು ಸಂಕಟದಿಂದ ಒದ್ದಾಡುತ್ತಿದೆಯೆಂದು ಅಜ್ಜ ಅವಳ ಬೆನ್ನು ಸವರಿ, ಶುಂಠಿ ತರಲು ತಾವೇ ಎದ್ದು ಹೋದರು. ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಸಭೆಯ ದಿನ ಮೇಷ್ಟ್ರು ನೇರವಾಗಿ ಹಾಲಿಗೇ ಬಂದರು. ದನಿ ಇನ್ನೂ ಪಿಸುಮಾತಿನಷ್ಟೇ ಮರಳಿತ್ತು. ಮೊದಲ ಸಾಲಿನಲ್ಲಿ ಕೂತು, ತಲೆದೂಗುವುದಕ್ಕೆ ಸಿದ್ಧರಾಗಿ ಕಣ್ಣು ಮುಚ್ಚಿದರು. ಮೂರನೆಯ ಸಾಲಿನಲ್ಲಿ ಅಜ್ಜ, ಅವರ ಎಡಗಿವಿಯ ಕಡೆಗೆ ಕಿಸಕ್ಕನ ಅಮ್ಮ.

ಪರದೆ ಸರಿಯಿತು. ಕಮಾನು ಎದ್ದಿತು, ಕೊಳಲು ತುಟಿಗೆ ಬಂತು, ಹಾಡುವವಳು ಬಾಯಿ ತೆರೆದಳು. ಕಿಸಕ್ಕ ಅಂಗೈಗಳನ್ನು ಚರ್ಮದ ಮೇಲೆ ಬೆಕ್ಕಿನ ಹೆಜ್ಜೆಯಂತೆ ಆಡಿಸಿದಳು. ಮೇಷ್ಟ್ರ ತಲೆ ಒಮ್ಮೆ ಆಡಿತು. ಮುಂದಿನ ತಾಳ ಸಿಗದೆ ಅರ್ಧಕ್ಕೇ ನಿಂತಿತು. ಅವರು ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು.

ಎಲ್ಲರಿಗಿಂತ ಗಾಬರಿಯಾದವನು ಮೈಕಿನವನು. ತನ್ನ ಸಾಮಾನೇ ಕೆಟ್ಟಿದೆಯೆಂದು ತಿಳಿದು ಅವನು ಇದ್ದಬದ್ದ ಗುಂಡಿಗಳನ್ನೆಲ್ಲ ತುದಿಗೆ ತಿರುಗಿಸಿದ. ಆದರೂ ಸದ್ದಿಲ್ಲ. ಮೊಣಕಾಲ ಮೇಲೆ ತೆವಳುತ್ತ ವೇದಿಕೆಗೆ ಬಂದು ವೈರುಗಳನ್ನು ಎಳೆದು ನೋಡಿದ. ಆ ಎಳೆತಕ್ಕೆ ಕೊಳಲಣ್ಣನ ಮುಂದಿದ್ದ ಮೈಕು ಕೆಳಗೆ ಜಾರಿ ಸರಿಯಾಗಿ ಅವನ ಹೊಟ್ಟೆಯ ಎದುರು ನಿಂತಿತು. ಗಡಿಬಿಡಿಯಲ್ಲಿ ಆ ಹೊಟ್ಟೆಗೆ ಬೆಳಗಿನಿಂದ ಏನೂ ಬಿದ್ದಿರಲಿಲ್ಲ.

ಹಾಲಿನ ಎರಡೂ ಮೂಲೆಯ ಸ್ಪೀಕರುಗಳಿಂದ ಗುಳುಗುಳು ಎಂದು ಒಂದು ದನಿ ಮೆಲ್ಲನೆ ಹೊರಟು, ಏರಿ, ತಿರುಗಿ, ಇಳಿದು ಮುಗಿಯಿತು. ವರ್ಷವಿಡೀ ಅಭ್ಯಾಸ ಮಾಡಿದರೂ ಕೊಳಲಣ್ಣನಿಗೆ ಬಾರದ ಗಮಕ ಅದರಲ್ಲಿತ್ತು.

ಸಭಿಕರು ಬಾಯಿಗೆ ಕೈ ಅಡ್ಡ ಹಿಡಿದರು. ಕಿಸಕ್ಕ ಕೆನ್ನೆಗಳನ್ನು ಒಳಗಿಂದ ಕಚ್ಚಿದಳು, ಉಸಿರು ಬಿಗಿ ಹಿಡಿದಳು, ಮಹಡಿಯ ಮೆಟ್ಟಿಲುಗಳನ್ನು ಮನಸ್ಸಿನಲ್ಲೇ ಹತ್ತಿದಳು. ಕೊಳಲಣ್ಣನ ಕಡೆ ನೋಡುವಂತಿಲ್ಲ, ಮೈಕಿನವನ ಕಡೆ ನೋಡುವಂತಿಲ್ಲ, ಮೇಷ್ಟ್ರ ಕನ್ನಡಕದ ಕಡೆಯಂತೂ ಖಂಡಿತ ಇಲ್ಲ. ನಗು ಬಾರದ ಒಂದು ಮುಖ ಬೇಕಿತ್ತು. ಅವಳು ಅಜ್ಜನ ಕಡೆ ನೋಡಿದಳು.

ಅಜ್ಜ ಅಮ್ಮನ ಕಡೆಗೆ ಬಾಗಿ ಏನೋ ಕೇಳುತ್ತಿದ್ದರು. ಅಮ್ಮ ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರಿ ಅಪ್ಪ ಎಂದು ತುಟಿ ಆಡಿಸಿದಳು, ಅಷ್ಟೇ. ಅಜ್ಜನಿಗೆ ತುಟಿ ಆಡಿದ್ದು ಕಂಡಿತು. ಅವರು ಸುತ್ತ ನೋಡಿದರು. ಜನ ಭುಜ ಕುಣಿಸುತ್ತ ನಗುತ್ತಿದ್ದಾರೆ. ವೇದಿಕೆಯ ಮೇಲೆ ಕಮಾನು ಓಡುತ್ತಿದೆ, ಹಾಡುವವಳ ಬಾಯಿ ತೆರೆದಿದೆ, ಮೊಮ್ಮಗಳ ಕೈ ಡ್ರಮ್ಮಿನ ಮೇಲೆ ಆಡುತ್ತಿದೆ. ಎಲ್ಲೂ ಸದ್ದೇನೂ ಇಲ್ಲ. ಅವರು ಕೈಗಡಿಯಾರ ಬಿಚ್ಚಿ ಎಡಗಿವಿಗೆ ಒತ್ತಿದರು. ತಲೆಯ ಮೇಲೆ ಫ್ಯಾನುಗಳು ತಿರುಗುವ ಆ ಹಾಲಿನಲ್ಲಿ ಗಡಿಯಾರದ ಸದ್ದು ಯಾರ ಕಿವಿಗೂ ಬೀಳುವಂತಿರಲಿಲ್ಲ. ಅವರು ಕೀಲಿ ತಿರುವಿ ಮತ್ತೆ ಒತ್ತಿದರು. ಆಮೇಲೆ ಅದನ್ನು ತೊಡೆಯ ಮೇಲಿಟ್ಟು, ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿದರು. ಅಂಗಡಿಯ ಬಾಗಿಲನ್ನು ಕೊನೆಯ ಸಲ ಎಳೆದ ದಿನವೂ ಅವರು ಹೀಗೆಯೇ, ಮೆತ್ತಗೆ ಎಳೆದಿದ್ದರು.

ಕಿಸಕ್ಕನ ನಗು ಎಲ್ಲಿ ಹೋಯಿತೋ. ಈಗ ಅವಳಿಗೆ ನಗದೆ ಕೂರುವುದು ಬಹಳ ಸುಲಭವಿತ್ತು. ಇನ್ನು ಸ್ವಲ್ಪ ಹೊತ್ತು ಹೀಗೇ ಇದ್ದರೆ ಮೇಲಿನ ಬಾಗಿಲು ತೆರೆಯುತ್ತಿತ್ತು.

ಅವಳು ಬಲಗೈಯನ್ನು ಭುಜದ ತನಕ ಎತ್ತಿ ಹೊಡೆದಳು.

ಗುಂಡಿಗಳೆಲ್ಲ ತುದಿಯಲ್ಲೇ ಇದ್ದವು. ಢಂ ಎಂದ ಆ ಒಂದು ಪೆಟ್ಟಿಗೆ ಕಿಟಕಿಯ ಗಾಜುಗಳು ಅದುರಿದವು. ಮೈಕಿನವನು ಕೂತಲ್ಲೇ ಹಾರಿದ. ಶಿಸ್ತಿನ ಕಮಾನು ತಂತಿಯ ಮೇಲೆ ಬಿದ್ದು ಕಿರ್ರೆಂದಿತು, ಕೊಳಲಣ್ಣ ತಡೆಹಿಡಿದಿದ್ದ ವಾರದ ಉಸಿರೆಲ್ಲ ಒಂದೇ ಸಲಕ್ಕೆ ಕೊಳಲಿಗೆ ನುಗ್ಗಿತು, ಹಾಡುವವಳ ತೆರೆದ ಬಾಯಿಂದ ಹುಟ್ಟಿದಾಗಿನಿಂದ ಬಾರದಿದ್ದ ತಾರಸ್ವರ ಹೊರಟಿತು.

ಮೂರನೆಯ ಸಾಲಿನಲ್ಲಿ ಅಜ್ಜ ಎದ್ದು ನಿಂತಿದ್ದರು.

"ಕೇಳಿಸ್ತು ಕಣೇ," ಎಂದರು ಅಮ್ಮನಿಗೆ, ಇಡೀ ಹಾಲಿಗೆ ಕೇಳುವ ಹಾಗೆ. "ಹೋಗಿಲ್ಲ. ಇದೆ. ಎಷ್ಟು ಚೆನ್ನಾಗಿ ಕೇಳಿಸ್ತು."

ಕಿಸಕ್ಕ ಕಿಸಕ್ಕನೆ ನಕ್ಕಳು. ಅದು ಮೈಕಿಗೆ ಬಿದ್ದು ನಾಲ್ಕು ಗೋಡೆಗೂ ತಗುಲಿ ಮರಳಿ ಬಂತು. ಅಷ್ಟು ಹೊತ್ತು ಅಂಗೈ ಅಡ್ಡ ಹಿಡಿದಿದ್ದವರೆಲ್ಲ ಒಟ್ಟಿಗೆ ಕೈ ತೆಗೆದರು. ನಗು ಸಾಲಿನಿಂದ ಸಾಲಿಗೆ ಕುರ್ಚಿಗಳನ್ನು ಅಲುಗಿಸುತ್ತ ಹಿಂದಕ್ಕೆ ಹೋಗಿ, ಬಾಗಿಲಿಗೆ ಬಡಿದು, ಮತ್ತೆ ಮುಂದಕ್ಕೆ ಬಂತು. ಅದರ ನಡುವೆ ಅವಳ ಕೈ ತನ್ನಷ್ಟಕ್ಕೆ ತಾನೇ ಮಧ್ಯಾಹ್ನದ ಲಯ ಹಿಡಿಯಿತು. ಕೊಳಲು ಅದಕ್ಕೆ ಸೇರಿಕೊಂಡಿತು. ಹಾಡುವವಳು ಸೇರಿಕೊಂಡಳು. ಶಿಸ್ತು ಸ್ವಲ್ಪ ಹೊತ್ತು ಎಲ್ಲರನ್ನೂ ದುರುಗುಟ್ಟಿ ನೋಡಿ, ಆಮೇಲೆ ಕಮಾನನ್ನು ತಂತಿಗೆ ಕೊಟ್ಟಳು. ಅವಳ ನೇರ ಗೆರೆ ಆ ಗದ್ದಲದೊಳಗೆ ದಾರ ಪೋಣಿಸಿದ ಹಾಗೆ ಹಾದುಹೋಯಿತು.

ಮುಗಿದಾಗ ಚಪ್ಪಾಳೆ ಬಿತ್ತು. ಮೂವರು ಎದ್ದು ಬಾಗಿದರು. ಕಿಸಕ್ಕ ಏಳಲಿಲ್ಲ, ಇನ್ನೂ ಬಾರಿಸುತ್ತಲೇ ಇದ್ದಳು. ಚಪ್ಪಾಳೆ ನಿಂತಿತು, ದೀಪಗಳು ಹತ್ತಿದವು, ಜನ ಚಪ್ಪಲಿ ಹುಡುಕುತ್ತ ಹೊರಗೆ ಹೊರಟರು. ಅವಳ ಕೈ ನಿಲ್ಲಲಿಲ್ಲ.

ಮೇಷ್ಟ್ರು ವೇದಿಕೆ ಹತ್ತಿ ಬಂದು ಮೊದಲು ಶಿಸ್ತಿನ ಕಿವಿಗೆ ಬಾಗಿದರು. ಪಿಸುಮಾತಾದರೂ ಎಲ್ಲರಿಗೂ ಕೇಳಿಸಿತು.

"ಸುಮ್ಮನೆ ನುಡಿಸಿ ಅಂದದ್ದು, ತಲೆ ಕೆಡಿಸ್ಕೋಬೇಡಿ, ಬಂದ ಹಾಗೆ ನುಡಿಸಿ ಅಂತ ಕಣಮ್ಮ."

ಶಿಸ್ತು ಕೆಂಪಾದಳು. ತುಟಿ ಬಿಗಿದಳು. ಆಮೇಲೆ, ಸಂಗೀತಶಾಲೆ ಹಿಂದೆಂದೂ ಕೇಳದ ಒಂದು ಸದ್ದು ಅವಳ ಮೂಗಿನಿಂದ ಹೊರಬಂತು. ಕೊಳಲಣ್ಣನ ಭುಜಕ್ಕೆ ಒರಗಿ ಅವಳು ಎಷ್ಟು ನಕ್ಕಳೆಂದರೆ ಇಸ್ತ್ರಿ ಹಾಕಿದ ಆ ಬಟ್ಟೆಯಲ್ಲೇ ಕಣ್ಣೊರೆಸಿಕೊಳ್ಳಬೇಕಾಯಿತು.

ಮೇಷ್ಟ್ರು ಡ್ರಮ್ಮಿನ ಎದುರು ಬಂದು ನಿಂತರು. ಎಲ್ಲರೂ ತಮ್ಮ ತಮ್ಮ ಶಾಂತಿ ತೋರಿಸಿದರು, ನಿನ್ನದೆಲ್ಲಿ ಎಂದು ಕೇಳಿದರು. ಕೈಗೆ ಬಿಡುವಿರಲಿಲ್ಲವಾದ್ದರಿಂದ ಅವಳು ಗಲ್ಲದಿಂದ ಮೂರನೆಯ ಸಾಲನ್ನು ತೋರಿಸಿದಳು. ಖಾಲಿ ಕುರ್ಚಿಗಳ ನಡುವೆ ಅಜ್ಜ ಎದೆಗೆ ಗಲ್ಲ ಆನಿಸಿ, ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿದ್ದರು. ಬಿಚ್ಚಿದ ಗಡಿಯಾರ ಸಡಿಲವಾದ ಅಂಗೈಯಲ್ಲಿತ್ತು.

ಮೇಷ್ಟ್ರು ಬಹಳ ಹೊತ್ತು ಆ ಕಡೆ ನೋಡಿದರು. ತಾಳಕ್ಕೆ ಸರಿಯಾಗಿ ಅವರ ಕನ್ನಡಕ ಒಂದು ಮೆಟ್ಟಿಲು ಇಳಿಯಿತು, ಇನ್ನೊಂದು ಇಳಿಯಿತು. ಕಿಸಕ್ಕ ಬೇರೆ ಕಡೆ ಮುಖ ತಿರುಗಿಸಿದಳು.

"ನಗಬೇಡ ಅಂದಿದ್ದೆ."

"ಹೌದು ಮೇಷ್ಟ್ರೇ."

"ಸೋಮವಾರದಿಂದ ಮಹಡಿಗೆ ಸುಮ್ಮನೆ ಬಾ."

ಬಾರಿಸುತ್ತಲೇ ಅವಳು ತಲೆ ಎತ್ತಿದಳು.

"ಯಾವ ಸುಮ್ಮನೆ, ಮೇಷ್ಟ್ರೇ?"

ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಬಂದು ನಿಂತಿತು. ಅವರು ತುಟಿ ಬಿಗಿದರು, ಕೆನ್ನೆಯಲ್ಲಿ ತಡೆದರು, ಕೊನೆಗೆ ಮೂಗಿನಿಂದ ಕಿಸಕ್ಕೆಂದರು. ಅದನ್ನು ಕೇಳಿ ಅವಳೂ ಡ್ರಮ್ಮಿನ ಮೇಲೆ ಬಿದ್ದು ನಕ್ಕಳು. ಕೈ ತಪ್ಪಿ ತಾಳ ನಿಂತಿತು.

ಮೂರನೆಯ ಸಾಲಿನಿಂದ ನಿದ್ದೆಗಣ್ಣಿನ ದನಿಯೊಂದು ಕೇಳಿತು.

"ಯಾಕೆ ತಾಯಿ ನಿಲ್ಸಿದೆ?"