ಅರಗಿನ ಮೊಹರು ಬಿದ್ದ ಪಟ್ಟಿ

ನಾನು ಒಂದು ಪಟ್ಟಿ. ಪ್ಯಾಂಟು ಜಾರದಂತೆ ಹಿಡಿಯುವ ಸೊಂಟಪಟ್ಟಿ ಎಂದುಕೊಂಡು ಎಷ್ಟೋ ಜನ ನನ್ನ ಮಾನ ಕಳೆದಿದ್ದಾರೆ. ನಾನು ರಕ್ತ ತಡೆಯುವ ಪಟ್ಟಿ. ಸೈನಿಕನ ಕೈಗೋ ಕಾಲಿಗೋ ದೊಡ್ಡ ಗಾಯವಾದರೆ, ಗಾಯದ ಮೇಲ್ಭಾಗಕ್ಕೆ ನನ್ನನ್ನು ಸುತ್ತಬೇಕು. ತುದಿಯನ್ನು ಬಕಲ್ಲಿನ ಸೀಳಿನಲ್ಲಿ ತೂರಿಸಿ ಎಳೆಯಬೇಕು. ಆಮೇಲೆ ನನ್ನ ಬೆನ್ನಮೇಲಿರುವ ಗಿಡ್ಡ ಕೋಲನ್ನು ತಿರುವಿದರೆ ರಕ್ತ ನಿಲ್ಲುತ್ತದೆ. ಹಾಗೆಂದು ನನ್ನನ್ನು ಮಾಡಿದರು. ನಾನು ಮಾತ್ರ ಇವತ್ತಿನವರೆಗೆ ಯಾರ ರಕ್ತವನ್ನೂ ತಡೆದಿಲ್ಲ.

ಹುಟ್ಟಿದ್ದು ಬೆಂಗಳೂರಿನ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ. ಆದರೆ ನನ್ನ ಹುಟ್ಟಿಗೆ ಕಾರಣ ಹಿಮದ ಬೆಟ್ಟದ ಮೇಲಿನ ಒಂದು ಸಾವು. ಆ ಕತೆಯನ್ನು ಮೇಜರ್ ಗಂಗಾಂಬಿಕಾ ಕೌಜಲಗಿ ಪ್ರಯೋಗಾಲಯಕ್ಕೆ ಬಂದಾಗಲೆಲ್ಲ ಹೇಳುತ್ತಿದ್ದರು. ಅವರು ಗೋಕಾಕ ಕಡೆಯ ಹೆಣ್ಣುಮಗಳು, ಸೇನೆಯ ವೈದ್ಯೆ. ಅವರ ಕೈಕೆಳಗಿನ ಶುಶ್ರೂಷಕ ಹವಾಲ್ದಾರ್ ಬಾಳೇಶ ತಳವಾರ ಕೂಡ ಅದೇ ಸೀಮೆಯವನು. ಬೆಟ್ಟದ ಮೇಲೆ ಬಂಡೆ ಉರುಳಿ ಒಬ್ಬ ಜವಾನನ ತೊಡೆ ಸೀಳಿತ್ತು. ಬಾಳೇಶ ಹಳೆಯ ಕಾಲದ ರಬ್ಬರ್ ಕೊಳವೆ ತೆಗೆದು ಬಿಗಿಯುವಾಗ, ಚಳಿಗೆ ಸೆಟೆದಿದ್ದ ರಬ್ಬರು ಪಟ್ಟನೆ ತುಂಡಾಯಿತು. ಕೆಳಗೆ ಇಳಿಸುವಷ್ಟರಲ್ಲಿ ಆ ಜವಾನ ಹೋಗಿಬಿಟ್ಟ.

"ಗ್ಲೌಸ್ ತಗೀಲಾರ್ದ ಒಂದ ಕೈಲೆ ಕಟ್ಟುವಂಗ ಇರಬೇಕ ನೋಡ್ರಿ," ಎಂದು ಮೇಜರ್ ಮೇಜು ಕುಟ್ಟಿ ಹೇಳುತ್ತಿದ್ದರು. "ಅಲ್ಲಿ ಥಂಡಿಗೆ ಗ್ಲೌಸ್ ತಗದವನ ಬೆರಳ ಉಳಿಯೂದಿಲ್ಲ. ಬ್ಯಾರೇ ಎಲ್ಲಾ ನಿಮ್ಮಿಷ್ಟ. ಬಣ್ಣ ಗುಲಾಬಿ ಮಾಡ್ರಿ ಬೇಕಾದ್ರ."

ಕೇಳಿಸಿಕೊಳ್ಳುತ್ತಿದ್ದವರು ಲಿಯೋ ಪಿಂಟೋ. ಮಂಗಳೂರಿನವರು, ನನ್ನ ವಿನ್ಯಾಸಕಾರರು, ಬಾಯಲ್ಲಿ ಸದಾ ಪೆನ್ಸಿಲು ಕಚ್ಚಿಕೊಂಡಿರುವ ಮನುಷ್ಯ. ಅವರು ನನ್ನನ್ನು ಬರೆದರು, ಕತ್ತರಿಸಿದರು, ಹೊಲಿಸಿದರು. ನನಗಿಂತ ಮೊದಲು ಹುಟ್ಟಿದ ಅಣ್ಣಂದಿರು ಎಳೆದಾಟದಲ್ಲಿ ಹೊಲಿಗೆ ಬಿಟ್ಟು ಸತ್ತರು. ನನ್ನ ಹೊಲಿಗೆ ಮಾತ್ರ ಬಿಡಲಿಲ್ಲ. ರಕ್ತದ ಬದಲು ಕೆಂಪು ನೀರು ಹರಿಯುವ ರಬ್ಬರಿನ ಕಾಲಿಗೆ ಕಟ್ಟಿ ತಿರುವಿದರು, ನೀರು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಆಮೇಲೆ ಮೇಜರ್ ಜೊತೆ ಬಂದಿದ್ದ ಬಾಳೇಶ ದಪ್ಪ ಕೈಗವಸು ಹಾಕಿಕೊಂಡು ನನ್ನನ್ನು ಎತ್ತಿಕೊಂಡ. ನನ್ನ ತುದಿಯನ್ನು ಸೀಳಿಗೆ ತೂರಿಸಲು ನೋಡಿದ. ತುದಿ ಜಾರಿತು. ಮತ್ತೆ ನೋಡಿದ, ಮತ್ತೆ ಜಾರಿತು. ಬೋಂಡಾ ತಿಂದ ಕೈಯಲ್ಲಿ ಸೂಜಿಗೆ ದಾರ ಪೋಣಿಸುವವನ ಹಾಗೆ ಒದ್ದಾಡಿದ. ನನ್ನ ಸೀಳು ಕಿರಿದು, ತುದಿ ಮೆತ್ತಗೆ. ಅದು ನನ್ನ ಮೈಯಲ್ಲೇ ಇರುವ ಕೊರತೆ.

"ಎಂತ ಮಾಡುದು, ಇದು ಆಗ್ಲಿಕ್ಕಿಲ್ಲ," ಎಂದರು ಪಿಂಟೋ. ನನ್ನನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದರು. ನನ್ನ ಮೊದಲ ಸೆರೆಮನೆ ಅದು.

ಡ್ರಾಯರಿನ ಬಿರುಕಿನಿಂದ ನೋಡುತ್ತಿದ್ದೆ. ನನ್ನ ತಮ್ಮ ಹುಟ್ಟಿದ. ಸೀಳು ಅಗಲ, ತುದಿಗೆ ಹಿಡಿಯಲು ಸಿಗುವಂಥ ಗಟ್ಟಿ ನಾಲಿಗೆ. ನೋಡಲು ಒಡ್ಡೊಡ್ಡು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಅವನು ಬಾಳೇಶನ ಜೇಬಿನಲ್ಲಿ ಕೂತು ವಿಮಾನ ಹತ್ತಿ ಹಿಮದ ಬೆಟ್ಟಕ್ಕೆ ಹೋದ. ಚಳಿಗಾಲವಿಡೀ ಜವಾನರು ಕೈಗವಸು ಹಾಕಿಕೊಂಡೇ ಅವನನ್ನು ಕಟ್ಟಿದರು, ಬಿಚ್ಚಿದರು, ಕೆಸರಿನಲ್ಲಿ ಎಳೆದರು, ಸೀಮೆಎಣ್ಣೆ ಸ್ಟೌವಿನ ಪಕ್ಕ ಒಣಗಿಸಿದರು. ತಿರುಗಿ ಬಂದಾಗ ಅವನ ಮೈಮೇಲೆ ಮಸಿ, ಎಣ್ಣೆ, ಚಹಾದ ಕಲೆ. ಪರೀಕ್ಷೆಯಲ್ಲಿ ಮಾತ್ರ ಎಲ್ಲದರಲ್ಲೂ ಪಾಸು.

ಸೇನೆಗೆ ಏನನ್ನಾದರೂ ಕೊಳ್ಳುವ ಮೊದಲು ಒಂದು ಪದ್ಧತಿ ಇದೆ. ಒಪ್ಪಿಗೆಯಾದ ವಸ್ತುವಿನ ಒಂದು ಮಾದರಿಗೆ ದಾರ ಕಟ್ಟಿ, ಗಂಟಿನ ಮೇಲೆ ಬಿಸಿ ಅರಗು ಸುರಿದು, ಹಿತ್ತಾಳೆಯ ಮೊಹರು ಒತ್ತಿ, ಗಾಜಿನ ಬೀರುವಿನಲ್ಲಿ ಇಡುತ್ತಾರೆ. ಅದೇ ದೇವರು. ಮುಂದೆ ಯಾವ ಕಾರ್ಖಾನೆ ಎಷ್ಟು ಸಾವಿರ ಮಾಡಿಕೊಟ್ಟರೂ ಅದರ ಹಾಗೇ ಇರಬೇಕು. ಕೂದಲಷ್ಟು ವ್ಯತ್ಯಾಸವಾದರೂ ವಾಪಸ್ಸು.

ನನ್ನ ತಮ್ಮನಿಗೆ ಮೊಹರು ಹಾಕುವ ದಿನ ದೆಹಲಿಯಿಂದ ಸಮಿತಿಯ ಅಧ್ಯಕ್ಷರು ಬಂದರು. ಪಿಂಟೋ ತಂಗಿಯ ಮದುವೆಗೆ ಮಂಗಳೂರಿಗೆ ಹೋಗಿದ್ದರು. ಮೇಜರ್ ಗಡಿಯಲ್ಲಿದ್ದರು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ತಮ್ಮನನ್ನು ತಂದಿಟ್ಟಾಗ ಅಧ್ಯಕ್ಷರ ಮುಖ ಹುಳ್ಳಗಾಯಿತು. ಇಂಥ ಕೊಳಕು ಪಟ್ಟಿಯ ಮೇಲೆ ಸರ್ಕಾರದ ಮೊಹರೇ, ಇದೇ ಥರದ ಸ್ವಚ್ಛವಾದದ್ದು ಇಲ್ಲವೇ ಎಂದು ಕೇಳಿದರು. ಯಾರೋ ಓಡಿಹೋಗಿ ಡ್ರಾಯರು ಎಳೆದರು. ನಾನು ಇದ್ದೆ. ಒಂದು ಕಲೆಯಿಲ್ಲ, ಒಂದು ಸುಕ್ಕಿಲ್ಲ, ಮದುಮಗನ ಹಾಗೆ. ಬಣ್ಣ ಅದೇ, ಕೋಲು ಅದೇ, ಉದ್ದ ಅದೇ. ಸೀಳನ್ನು ಯಾರೂ ನೋಡಲಿಲ್ಲ. ಊಟದ ಹೊತ್ತಾಗಿತ್ತು.

ಬಿಸಿ ಅರಗು ಮೈಮೇಲೆ ಬಿದ್ದಾಗ ಉರಿಯಿತು. ಆದರೂ ಆ ದಿನ ನನಗೆ ಹೆಮ್ಮೆಯೇ. ಬೇಡವೆಂದು ಎಸೆದವನನ್ನು ಕರೆದು ಪಟ್ಟ ಕಟ್ಟಿದರಲ್ಲ!

ಹೆಮ್ಮೆ ಇಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಮಾದರಿ ಕೋಣೆಯ ಗಾಜಿನ ಬೀರು ಎಂದರೆ ಏನೆಂದು ಒಳಗೆ ಕೂತವರಿಗೇ ಗೊತ್ತು. ಗಾಳಿಯಿಲ್ಲ. ಎದುರಿಗೆ ಒಂದು ಕಿಟಕಿ, ಕಿಟಕಿಯಾಚೆ ಒಂದು ಗೋಡೆ. ಎಡಕ್ಕೆ ಒಂದು ಹೆಜ್ಜೆಯನ್ನೂ ನಡೆಯದ ಬೂಟು, ಬಲಕ್ಕೆ ಅನ್ನ ಕಾಣದ ಊಟದ ಡಬ್ಬಿ, ಕೆಳಗೆ ಒಂದು ಸೊಳ್ಳೆಯನ್ನೂ ತಡೆಯದ ಸೊಳ್ಳೆಪರದೆ. ಎಲ್ಲರ ಕೊರಳಲ್ಲೂ ಅರಗು. ಬೀಗದ ಕೈ ತಿಪ್ಪೇರುದ್ರಪ್ಪನವರ ಸೊಂಟದಲ್ಲಿ. ಚಿತ್ರದುರ್ಗದವರು, ಸೌಮ್ಯ ಮನುಷ್ಯ, ಬೆಳಿಗ್ಗೆ ಬಂದವರೇ ನಮ್ಮ ಗಾಜು ಒರೆಸಿ ಊದಿನಕಡ್ಡಿ ಹಚ್ಚುತ್ತಿದ್ದರು. ಪೂಜೆ ಸಿಕ್ಕಿತು, ಕೆಲಸ ಸಿಗಲಿಲ್ಲ.

ಮದುವೆ ಮುಗಿಸಿ ಬಂದ ಪಿಂಟೋ ಗಾಜಿನ ಮುಂದೆ ನಿಂತವರು ಬಿಳಚಿಕೊಂಡರು. "ಅಯ್ಯೋ ದೇವರೇ, ಇದನ್ನಾ?" ಎಂದರು. ಮೇಲಧಿಕಾರಿಗೆ ಹೇಳಿದರು. ಅಧ್ಯಕ್ಷರು ದೆಹಲಿಗೆ ಹೋಗಿಯಾಯಿತು, ಮೊಹರು ಬಿದ್ದಾಯಿತು, ಮಾದರಿ ಬದಲಿಸಬೇಕೆಂದರೆ ಹೊಸದಾಗಿ ಪರೀಕ್ಷೆ, ಹೊಸ ಚಳಿಗಾಲ, ಹೊಸ ಸಮಿತಿ, ಸುಮ್ಮನಿರಿ ಎಂದು ಉತ್ತರ ಬಂತು. ಪಿಂಟೋ ಸುಮ್ಮನಿರಲಿಲ್ಲ. ಪಟ್ಟಿ ಮಾಡುವ ಕಾರ್ಖಾನೆಯವರಿಗೆ ಗುಟ್ಟಾಗಿ ಹೇಳಿ ಸೀಳನ್ನು ಅಗಲ ಮಾಡಿಸಿದರು. ಆ ಪಟ್ಟಿಗಳು ಮಾದರಿ ಕೋಣೆಗೆ ಬಂದವು. ತಪಾಸಣೆಯವರು ಅವುಗಳನ್ನು ನನ್ನ ಪಕ್ಕದಲ್ಲಿ ಹಿಡಿದು ನೋಡಿದರು.

"ಚೆನ್ನಾಗೇನೋ ಐತೆ," ಎಂದರು ತಿಪ್ಪೇರುದ್ರಪ್ಪ. "ಆದ್ರೆ ಮಾದರಿ ಥರ ಇಲ್ವಲ್ಲ ಸ್ವಾಮಿ."

ಇಡೀ ಲಾರಿ ವಾಪಸ್ಸು ಹೋಯಿತು. ಒಳ್ಳೆಯ ಪಟ್ಟಿಗಳನ್ನು ನಾನು ತಳ್ಳಿಹಾಕಿದ್ದೆ! ಬಾಯಿಲ್ಲ, ಕೈಯಿಲ್ಲ, ಅರಗಿನ ಗಂಟು ಬಿಚ್ಚಿಕೊಳ್ಳುವ ತ್ರಾಣವಿಲ್ಲ. ಗಾಜಿನೊಳಗಿಂದ ಕಿರುಚಿದರೆ ಯಾರಿಗೆ ಕೇಳುತ್ತದೆ? ಕಾರ್ಖಾನೆಯವರು ಬುದ್ಧಿ ಕಲಿತು ಮುಂದಿನ ಸಲ ತದ್ವತ್ ನನ್ನಂಥವನ್ನೇ ತಂದರು. ಕಿರಿದಾದ ಸೀಳು, ಮೆತ್ತಗಿನ ತುದಿ. ಒಂದೇ ಒಂದು ತಪ್ಪು ಕಾಣದೆ ಎಲ್ಲ ಪಾಸಾದವು. ನನ್ನ ಕೊರತೆಯನ್ನು ಹೊತ್ತ ಸಾವಿರಾರು ಮಕ್ಕಳು ಪೆಟ್ಟಿಗೆ ಸೇರಿ ಬೆಟ್ಟಕ್ಕೆ ಹೊರಟರು. ಅವತ್ತು ಬೂಟು, ಡಬ್ಬಿಗಳ ನಡುವೆ ಕೂತು ನಾನು ಅತ್ತೆ. ಪಟ್ಟಿ ಅಳುವುದು ಹೇಗೆಂದು ಕೇಳಬೇಡಿ.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೇಜರ್ ಗಂಗಾಂಬಿಕಾ ಮಾದರಿ ಕೋಣೆಗೆ ನುಗ್ಗಿದರು. ಹಿಂದೆ ಬಾಳೇಶ. ಅವನ ಬಲಗೈಗೆ ಬ್ಯಾಂಡೇಜು. ಆ ಬ್ಯಾಂಡೇಜಿನ ಆಕಾರ ನೋಡಿದ ಕೂಡಲೇ ನನಗೆ ತಿಳಿಯಿತು.

ಬೆಟ್ಟದ ದಾರಿ ಹಿಮದಿಂದ ಮುಚ್ಚುವ ಸ್ವಲ್ಪ ಮೊದಲು ನನ್ನ ಮಕ್ಕಳು ಅಲ್ಲಿ ತಲುಪಿದ್ದರು. ಪೊಟ್ಟಣ ಒಡೆದರೆ ಬಳಸಿದ ಲೆಕ್ಕವೆಂದು ಯಾರೂ ಒಡೆದು ನೋಡಿರಲಿಲ್ಲ. ಬಾಳೇಶನಿಗಂತೂ ನೋಡುವ ಅಗತ್ಯವೇ ಕಾಣಲಿಲ್ಲ, ತಾನೇ ಪರೀಕ್ಷೆ ಮಾಡಿದ ಪಟ್ಟಿ ತಾನೇ! ನಡುಚಳಿಗಾಲದಲ್ಲಿ ಒಬ್ಬ ಜವಾನ ಕಂದರಕ್ಕೆ ಜಾರಿ, ಕಬ್ಬಿಣದ ಗೂಟ ಅವನ ಕಾಲಿಗೆ ಹೊಕ್ಕಿತು. ಬಾಳೇಶ ಪೊಟ್ಟಣ ಒಡೆದ, ಗಟ್ಟಿ ನಾಲಿಗೆಗಾಗಿ ತಡಕಾಡಿದ. ಸಿಗಲಿಲ್ಲ. ತೂರಿಸಲು ನೋಡಿದ, ಜಾರಿತು.

"ಮತ್ತ ಒಬ್ಬಾಂವ ನನ್ನ ಕಣ್ಮುಂದ ಹೋಗಬಾರ್ದ ಅಂತ ಗ್ಲೌಸ್ ಕಿತ್ತ ಒಗದ್ನಿರಿ," ಎಂದ ಬಾಳೇಶ, ತಿಪ್ಪೇರುದ್ರಪ್ಪನವರಿಗೆ. "ಅಂವ ಉಳದಾನ್ರಿ. ನನ್ನ ಬೆರಳ ಉಳೀಲಿಲ್ಲ."

ತಿಪ್ಪೇರುದ್ರಪ್ಪ ಕುರ್ಚಿ ಎಳೆದು ಅವನನ್ನು ಕೂರಿಸಿದರು. ಬೀರುವಿನ ಬೀಗ ತೆಗೆದು ನನ್ನನ್ನು ಮೇಜಿನ ಮೇಲಿಟ್ಟರು. ನೋಡಲು ಅಡ್ಡಿಯಿಲ್ಲ, ಬಿಚ್ಚುವಂತಿಲ್ಲ. ಮೇಜರ್ ನನ್ನ ಸೀಳಿನ ಮೇಲೆ ಬೆರಳಾಡಿಸಿದರು.

ಅಲ್ಲಿಂದಲೇ ದೆಹಲಿಗೆ ಫೋನು ಮಾಡಿದರು. ಬದಲಾವಣೆಗೆ ಪ್ರಸ್ತಾವ ಕಳಿಸಿ, ಮುಂದಿನ ವರ್ಷ ನೋಡೋಣ, ಅಲ್ಲಿಯವರೆಗೆ ಇರುವುದನ್ನೇ ಕಳಿಸುತ್ತೇವೆ, ಎರಡನೆಯ ಕಂತು ಸಿದ್ಧವಾಗಿದೆ ಎಂದರಂತೆ. ಮೇಜರ್ ಫೋನು ಇಟ್ಟು ಸ್ವಲ್ಪ ಹೊತ್ತು ಕಿಟಕಿಯಾಚೆಯ ಗೋಡೆ ನೋಡಿದರು. ಆ ಗೋಡೆ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು.

"ತಿಪ್ಪೇರುದ್ರಪ್ಪನವರ, ಈ ಮೊಹರು ಒಡದ್ರ ಏನಾಗ್ತೈತಿ?"

"ಬುಡ್ತು ಅನ್ನಿ ಮೇಡಂ. ಮಾದರಿ ಸತ್ತಂಗೆ. ಹೊಸ ಮಾದರಿ ಮೊಹರಾಗೋವರ್ಗೂ ಒಂದು ಪಟ್ಟಿನೂ ಹೊರಗೆ ಹೋಗಂಗಿಲ್ಲ."

"ಹೊಸಾದು ಎಲ್ಲಿಂದ ತರ್ತಾರ?"

"ಬೆಟ್ಟದ ಪರೀಕ್ಷೆಲಿ ಪಾಸಾದ ಪೀಸೇ ಆಗ್ಬೇಕು. ಅದಿದ್ರೆ ದೆಹಲಿಗೆ ಹೋಗೋದೂ ಬ್ಯಾಡ, ಇಲ್ಲೇ ಕೂತು ಮೊಹರು ಹಾಕ್ಬೋದು."

ಬಾಗಿಲಲ್ಲಿ ನಿಂತಿದ್ದ ಪಿಂಟೋ ಆಗ ಬಾಯಿಂದ ಪೆನ್ಸಿಲು ತೆಗೆದರು. "ಅದು ಉಂಟು ನನ್ನತ್ರ," ಎಂದರು. "ಕೊಳಕಾಗಿದೆ ಅಂತ ಬಿಸಾಡ್ಲಿಕ್ಕೆ ಹೇಳಿದ್ರು. ನಾನು ಬಿಸಾಡ್ಲಿಲ್ಲ."

ಮೇಜರ್ ತಮ್ಮ ಚೀಲದಿಂದ ದಪ್ಪ ಕೈಗವಸು ತೆಗೆದು ಹಾಕಿಕೊಂಡರು. ನನ್ನನ್ನು ಎತ್ತಿ ಎರಡೂ ಕೈಯಿಂದ ಎಳೆದರು. ಅರಗು ಚಟ್ಟೆಂದು ಒಡೆಯಿತು, ಕೆಂಪು ಚೂರುಗಳು ಮೇಜಿನ ಮೇಲೆಲ್ಲ ಹಾರಿದವು. ಆಹಾ, ಎಷ್ಟು ಕಾಲದ ಮೇಲೆ ನನ್ನ ಮೈ ಸಡಿಲವಾಯಿತು! ಅವರು ನನ್ನನ್ನು ತಮ್ಮ ತೋಳಿಗೆ ಸುತ್ತಿ ತುದಿಯನ್ನು ತೂರಿಸಲು ನೋಡಿದರು. ನಾನೂ ನನ್ನ ಶಕ್ತಿಮೀರಿ ಸೆಟೆದು ನಿಲ್ಲಲು ನೋಡಿದೆ. ಜಾರಿದೆ.

"ನೋಡಿದ್ರಿಲ್ಲ? ಬರೀರಿ ಇನ್ನ."

ತಿಪ್ಪೇರುದ್ರಪ್ಪ ಬೆವರುತ್ತಿದ್ದರು. ಒಡೆದ ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡುತ್ತಾ, "ಮೇಡಂ, ಇಲಿ ಕಡೀತು ಅಂತ ಬರೀತೀನಿ. ಈ ಕೋಣೇಲಿ ಇಲಿಗೇನು ಬರಗಾಲವೇ? ನಿಮ್ಮ ಹೆಸರು ಯಾಕೆ? ಪ್ರಮೋಷನ್ ಹತ್ರ ಬಂದೈತೆ ಅಂತ ಕೇಳಿದೆ," ಎಂದರು.

ಮೇಜರ್ ಒಂದು ಕ್ಷಣ ಬಾಳೇಶನ ಬ್ಯಾಂಡೇಜಿನ ಕಡೆ ನೋಡಿದರು. ಒಪ್ಪಿಬಿಡುವ ಆಸೆಯಾಗಿರಬೇಕು, ಮನುಷ್ಯರಲ್ಲವೇ. ಆಮೇಲೆ ಬೇಡವೆಂದು ತಲೆಯಾಡಿಸಿದರು.

"ಇಲಿ ಅಂತ ಬರದ್ರ ಇದರಂಥಾದ್ದ ಇನ್ನೊಂದ ಹೊಲಿಸಿ ಪಾಸ್ ಮಾಡಿ ಇಡ್ತಾರ್ರಿ. ಗ್ಲೌಸ್ ಹಾಕ್ಕೊಂಡ ಕಟ್ಟಾಕ ಆಗಲಿಲ್ಲ, ಅದಕ್ಕ ಒಡದ್ಲು ಅಂತ ಬರೀರಿ. ನನ್ನ ಹೆಸರ ಪೂರ್ತಿ ಬರೀರಿ."

ಹಾಗೆಯೇ ಬರೆದರು. ಎರಡನೆಯ ಕಂತು ಬಾಗಿಲಲ್ಲೇ ನಿಂತಿತು. ದೆಹಲಿ ಕೆಂಡವಾಯಿತು. ಆದರೆ ಬರೆದದ್ದನ್ನು ಅಳಿಸುವಂತಿರಲಿಲ್ಲ, ಪಟ್ಟಿಗಳಿಲ್ಲದೆ ಚಳಿಗಾಲ ಕಳೆಯುವಂತೆಯೂ ಇರಲಿಲ್ಲ. ಕೈಗವಸು ಹಾಕಿ ಕಟ್ಟಿ ನೋಡಿದ ಮೇಲೆಯೇ ಮೊಹರು ಎಂದು ಒಪ್ಪಬೇಕಾಯಿತು. ಮಸಿ, ಎಣ್ಣೆ, ಚಹಾದ ಕಲೆ ಸಮೇತ ನನ್ನ ತಮ್ಮನ ಮೇಲೆ ಅರಗು ಸುರಿದರು. ತೊಳೆಯಲು ಹೊರಟವನನ್ನು ಪಿಂಟೋ ಗದರಿಸಿದರು. ಆ ಸಲ ದಾರಿ ಮುಚ್ಚುವ ಮೊದಲು ಬೆಟ್ಟ ಹತ್ತಿದವು ಅಗಲ ಸೀಳಿನ ಪಟ್ಟಿಗಳು.

ಮೇಜರ್ ಮೇಲೆ ವಿಚಾರಣೆ ನಡೆಯಿತು. ಸರ್ಕಾರದ ಮೊಹರು ಒಡೆದ ಅಪರಾಧ, ಒಡೆದದ್ದು ನಿಜ. ಪ್ರಮೋಷನ್ ಬರಲಿಲ್ಲ. ಅವರನ್ನು ದೂರದ ಒಂದು ಔಷಧಿ ಗೋದಾಮಿಗೆ ಹಾಕಿದರು. ಅಲ್ಲಿಂದಲೇ ನಿವೃತ್ತರಾದರು.

ನನ್ನನ್ನು ಕತ್ತರಿಸಿ ಗುಜರಿಗೆ ಹಾಕಬೇಕಿತ್ತು. ತಿಪ್ಪೇರುದ್ರಪ್ಪ ಕತ್ತರಿಯನ್ನೂ ಹಿಡಿದಿದ್ದರು. ಬಾಳೇಶ ಬಂದು ನನ್ನನ್ನು ಕೇಳಿ ಪಡೆದುಕೊಂಡ. ಬೆರಳಿಲ್ಲದವನನ್ನು ಬೆಟ್ಟಕ್ಕೆ ಕಳಿಸುವಂತಿರಲಿಲ್ಲವಾದ್ದರಿಂದ ಅವನು ಬೆಳಗಾವಿಯ ಒಂದು ತರಬೇತಿ ಕೋಣೆಯಲ್ಲಿ ಗುರುವಾಗಿದ್ದ. ಈಗ ನಾನು ಅಲ್ಲಿನ ಗೋಡೆಯ ಮೊಳೆಗೆ ನೇತುಬಿದ್ದಿದ್ದೇನೆ. ಪಕ್ಕದಲ್ಲಿ ಒಂದು ಜೊತೆ ದಪ್ಪ ಕೈಗವಸು. ಕಿಟಕಿಯಿಂದ ಗಾಳಿ ಬರುತ್ತದೆ. ಬಣ್ಣ ಮಾಸಿದೆ, ಅಂಚು ಎಳೆಬಿಟ್ಟಿದೆ, ಮೈಮೇಲೆ ಒಂದು ಚೂರು ಅರಗು ಇನ್ನೂ ಹೋಗಿಲ್ಲ. ಪಾಪ, ನನ್ನ ತಮ್ಮ. ಬೆಟ್ಟ ನೋಡಿದವನು ಈಗ ಬೂಟಿನ ಪಕ್ಕ ಕೂತು ಕಿಟಕಿಯಾಚೆಯ ಗೋಡೆ ನೋಡುತ್ತಿದ್ದಾನೆ. ಅವನು ಸೆರೆಯಲ್ಲಿರುವುದರಿಂದ ಅವನ ಮಕ್ಕಳು ಸರಿಯಾಗಿ ಹುಟ್ಟುತ್ತಿದ್ದಾರೆ.

ಮೊನ್ನೆ ಗಂಗಾಂಬಿಕಾ ಬಂದಿದ್ದರು. ಇಳಕಲ್ ಸೀರೆ ಉಟ್ಟಿದ್ದರು, ತಲೆ ಬೆಳ್ಳಗಾಗಿದೆ. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು ಕೈಗವಸು ಹಾಕಿಕೊಂಡು ಇನ್ನೊಮ್ಮೆ ಕಟ್ಟಲು ನೋಡಿದರು. ಆಗಲಿಲ್ಲ. ಗಟ್ಟಿಯಾಗಿ ನಕ್ಕರು.

"ಹಳೇದಾತ್ರಿ ಮೇಡಂ, ಒಗದ ಬಿಡ್ಲೇನ?" ಎಂದ ಬಾಳೇಶ.

"ಏ, ಬ್ಯಾಡೋ. ಹೊಸಾದು ಯಾವುದರೆ ಭಾಳ ಚಂದ ಕಾಣಾಕ ಹತ್ತಿತಂದ್ರ, ಮೊದಲ ಇದನ್ನ ಒಮ್ಮೆ ಕಟ್ಟಿ ನೋಡ್ರಿ."

ತಾವೇ ನನ್ನನ್ನು ಮೊಳೆಗೆ ಸಿಕ್ಕಿಸಿ ಹೋದರು.

ಪ್ರತಿ ತಂಡ ಬಂದಾಗಲೂ ಬಾಳೇಶ ಮೊದಲು ಕೊಡುವುದು ನನ್ನನ್ನೇ. "ಕಟ್ಟ ನೋಡೂಣು," ಎನ್ನುತ್ತಾನೆ. ಹೊಸ ಸೈನಿಕ ಕೈಗವಸು ಹಾಕಿಕೊಂಡು ತೂರಿಸುತ್ತಾನೆ, ಜಾರುತ್ತದೆ, ಬೆವರುತ್ತಾನೆ, ಉಳಿದವರು ನಗುತ್ತಾರೆ. ಆಗ ಬಾಳೇಶ ಬೆರಳಿಲ್ಲದ ತನ್ನ ಬಲಗೈ ಎತ್ತಿ ತೋರಿಸುತ್ತಾನೆ. ನಗು ನಿಲ್ಲುತ್ತದೆ. ಅದಾದ ಮೇಲೆ ತಮ್ಮನ ಮಕ್ಕಳನ್ನು ಹಂಚುತ್ತಾನೆ. ನಾನು ಮೊಳೆಗೆ ಮರಳುತ್ತೇನೆ. ಸೋತೆನೆಂಬ ನಾಚಿಕೆ ಈಗ ಇಲ್ಲ. ಇಲ್ಲಿ ನಾನು ಸೋತರೆ ಯಾರೂ ಸಾಯುವುದಿಲ್ಲ.