ಧೂಳಲ್ಲದ್ದು

“ದೂರದ್ದು ಬೇಡ, ಹತ್ತಿರದ್ದೇ ಹಾಕು,” ಎಂದು ದರ್ಜಿ ಹೇಳಿದಾಗ ಮಗಳ ಎರಡು ಕೈಗಳಲ್ಲೂ ಒಂದೊಂದು ಕನ್ನಡಕವಿತ್ತು. ಅಮ್ಮನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿ ಎರಡು ಗಂಟೆಯಾಗಿತ್ತು. ಮುಖ ತೊಳೆದಾಗಿತ್ತು, ತಲೆ ಬಾಚಿಯಾಗಿತ್ತು. ಕನ್ನಡಕವಿಲ್ಲದೆ ಮಾತ್ರ ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದಳು.

“ಹೊರಗೆ ಹೋಗುವಾಗ ದೂರದ್ದೇ ತಾನೇ ಹಾಕ್ತಿದ್ದದ್ದು, ಅಪ್ಪ?”

“ಹೊರಗೆ ಹೋಗಿ ಅವಳು ಏನು ನೋಡಿದ್ಲು? ಮೂವತ್ತೆಂಟು ವರ್ಷ ನನ್ನ ಜತೆ ಓಡಾಡಿದ್ರೂ ಬಸ್ಸಿನ ನಂಬರು ನನ್ನನ್ನೇ ಕೇಳ್ತಿದ್ಲು. ಅವಳು ಕಣ್ಣಿಟ್ಟು ನೋಡಿದ್ದೆಲ್ಲ ಒಂದು ಗೇಣು ದೂರದ್ದು. ಹತ್ತಿರದ್ದೇ ಹಾಕು.”

ಮಗಳು ಹಾಕಿದಳು. ಅಮ್ಮ ಅಮ್ಮನಾದಳು.

ಬೀದಿಯವರಿಗೆಲ್ಲ ಆಕೆ ಧೂಳಕ್ಕ. ತಿರುವಿನಲ್ಲಿರುವ ಫೋಟೋ ಸ್ಟುಡಿಯೋದ ಹಿಂಗೋಣೆಯಲ್ಲಿ ಮೂವತ್ತೊಂದು ವರ್ಷ ಕೂತವಳು. ಮೊದಲು ಕತ್ತಲಕೋಣೆಯಲ್ಲಿ ಫಿಲ್ಮ್ ತೊಳೆದಳು. ಕಾಲ ಬದಲಾದ ಮೇಲೆ ಜನರ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನರಿಗೆ ಹಾಕಿ, ಕೂತ ಧೂಳನ್ನೂ ಬಿದ್ದ ಗೀರನ್ನೂ ತೆಗೆದು, ಮಾಸಿದ ಬಣ್ಣ ಮರಳಿಸಿ ಕೊಟ್ಟಳು. ಮನೆಯಲ್ಲಿ ಕಸ ಗುಡಿಸುವ ಸರದಿ ಮಾತ್ರ ಗಂಡನದು. “ದಿನವಿಡೀ ಊರ ಧೂಳು ತೆಗೀತೀನಿ, ಮನೇದು ನಿಮಗಿರಲಿ” ಎನ್ನುತ್ತಿದ್ದಳು. ನಿನ್ನೆ ಮಧ್ಯಾಹ್ನ ಉಂಡು ತಟ್ಟೆ ತೊಳೆದಿಟ್ಟು, “ಸ್ವಲ್ಪ ಒರಗ್ತೀನಿ” ಅಂದವಳು ಏಳಲಿಲ್ಲ. ಅರವತ್ತನಾಲ್ಕು ವರ್ಷ ವಯಸ್ಸು.

ಸ್ಟುಡಿಯೋ ಯಜಮಾನ ಅಂಗಡಿಗೆ ಬೀಗ ಹಾಕಿ ಬೆಳಗಿನಿಂದ ಇಲ್ಲೇ ಇದ್ದ. ಕುರ್ಚಿ ತರಿಸಿದವನು ಅವನೇ, ವ್ಯಾನಿಗೆ ಹೇಳಿದವನು ಅವನೇ. ಬಂದವರಿಗೆಲ್ಲ, “ನಮ್ಮಕ್ಕನಂಥ ಕೆಲಸದವರು ಇನ್ನು ಹುಟ್ಟಿ ಬರಬೇಕು” ಎನ್ನುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಬಾಗಿಲ ಚೌಕಟ್ಟನ್ನು ಯಾರೋ ಬೆರಳ ಗಿಣ್ಣಿನಿಂದ ಮೂರು ಕಡೆ ತಟ್ಟಿದರು. ಕರೆಯುವುದಕ್ಕೆ ತಟ್ಟಿದ ಹಾಗಿರಲಿಲ್ಲ, ಮರ ಗಟ್ಟಿಯಿದೆಯೇ ಎಂದು ನೋಡಿದ ಹಾಗಿತ್ತು. ಎಂಬತ್ತು ದಾಟಿದ, ಉದ್ದನೆಯ, ಒಣಕಲು ಮನುಷ್ಯ. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗೆ ಇಳಿದಿತ್ತು.

“ಧೂಳಕ್ಕನ ಮನೆ ಇದೇ ತಾನೇ? ನಿನ್ನೆ ಫೋನ್ ಬಂದಿತ್ತು. ಸ್ವಲ್ಪ ಜೋರಾಗಿ ಮಾತಾಡಿ, ಒಂದು ಕಿವಿ ರಜೆ ಹಾಕಿದೆ.”

“ನಾನೇ ಮಾಡಿದ್ದು ಅಜ್ಜ,” ಎಂದಳು ಮಗಳು. “ಅಮ್ಮನ ನಂಬರ್ ಪುಸ್ತಕದಲ್ಲಿ ‘ಸೇತುವೆ’ ಅಂತಷ್ಟೇ ಬರೆದಿತ್ತು. ಯಾರು ಅಂತ ಗೊತ್ತಾಗಲಿಲ್ಲ, ಆದ್ರೂ ತಿಳಿಸಿಬಿಡೋಣ ಅಂತ.”

“ಒಳ್ಳೇದು ಮಾಡಿದೆ ಮಗಳೇ. ಸೇತುವೆ ನಾನೇ.”

ಕುರ್ಚಿ ಜೋಡಿಸುತ್ತಿದ್ದ ಯಜಮಾನ ಕೈಯಲ್ಲಿದ್ದ ಕುರ್ಚಿಯನ್ನು ಹಿಡಿದುಕೊಂಡೇ ನಿಂತ.

*

ಹದಿನೈದು ವರ್ಷದ ಹಿಂದೆ ಸೇತುವೆ ಇಲಾಖೆಯಿಂದ ಸ್ಟುಡಿಯೋಗೆ ಮೂರು ತಗಡಿನ ಪೆಟ್ಟಿಗೆ ಬಂದಿದ್ದವು. ಊರಿನ ದೊಡ್ಡ ಸೇತುವೆಯ ಕೆಳಗೆ ವರ್ಷವರ್ಷವೂ ತೆಗೆದ ತಪಾಸಣೆಯ ಚಿತ್ರಗಳು. ಎಲ್ಲವೂ ಕಪ್ಪುಬಿಳುಪು ನೆಗೆಟಿವ್. ಇಪ್ಪತ್ತು ದಿನದಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಕೊಡಬೇಕಿತ್ತು.

ಹೊಸ ಸ್ಕ್ಯಾನರ್ ಬಂದು ಆಗ ಎರಡೇ ತಿಂಗಳಾಗಿತ್ತು. ಅದರ ಸಾಫ್ಟ್‌ವೇರಿನಲ್ಲಿ ಧೂಳು ಮತ್ತು ಗೀರು ತೆಗೆಯುವ ಒಂದು ಗುಂಡಿಯಿತ್ತು. ಅದನ್ನು ಒತ್ತಿದರೆ ಯಂತ್ರ ಪ್ರತಿ ಚಿತ್ರವನ್ನೂ ಎರಡು ಸಲ ನೋಡುತ್ತಿತ್ತು. ಒಮ್ಮೆ ಮಾಮೂಲಿ ಬೆಳಕಿನಲ್ಲಿ, ಇನ್ನೊಮ್ಮೆ ಕಣ್ಣಿಗೆ ಕಾಣದ ಬೇರೊಂದು ಬೆಳಕಿನಲ್ಲಿ. ಬಣ್ಣದ ಫಿಲ್ಮನ್ನು ಈ ಎರಡನೆಯ ಬೆಳಕು ಗಾಜನ್ನು ದಾಟುವಂತೆ ದಾಟಿಹೋಗುತ್ತದೆ, ಧೂಳು ಕೂತ ಕಡೆ ಮಾತ್ರ ಅದಕ್ಕೆ ತಡೆ ಬೀಳುತ್ತದೆ. ತಡೆದ ಜಾಗವೇ ಕೊಳೆ ಎಂದು ತಿಳಿದು ಸಾಫ್ಟ್‌ವೇರ್ ಅಕ್ಕಪಕ್ಕದಿಂದ ತಂದು ತೇಪೆ ಹಾಕುತ್ತದೆ. ಮದುವೆಯ ಹಳೆಯ ಆಲ್ಬಮ್ಮುಗಳು ನಿನ್ನೆ ತೆಗೆದಂತೆ ಹೊರಬರುತ್ತಿದ್ದವು. ಯಜಮಾನನಿಗೆ ಆ ಗುಂಡಿಯ ಮೇಲೆ ಪ್ರಾಣ.

“ಇದಕ್ಕೂ ಹಾಕಿಬಿಡಕ್ಕ. ಎಲ್ಲ ಫಳಫಳ ಅನ್ನಬೇಕು,” ಎಂದ.

“ಇದು ಕಪ್ಪುಬಿಳುಪು, ಯಜಮಾನ್ರೇ. ಇದರ ಜಾತಿ ಬೇರೆ. ಒಂದು ದಿನ ಕೊಡಿ, ಹಾಕಿಯೂ ಹಾಕದೆಯೂ ಎರಡೂ ತೆಗೆದು ನೋಡ್ತೀನಿ.”

“ಒಂದು ದಿನ ಎಲ್ಲಿಂದ ತರಲಿ? ಇಪ್ಪತ್ತು ದಿನ ಅಂತ ಬರೆದುಕೊಟ್ಟಿದ್ದೀನಿ. ಹಾಕು, ಮುಗಿಸು.”

ಅವಳು ಹಾಕಿದಳು. ಚಿತ್ರಗಳು ನಯವಾಗಿ, ಸ್ವಲ್ಪ ಮೆತ್ತಗಾಗಿ ಬಂದವು. ಎರಡು ಪೆಟ್ಟಿಗೆ ಮುಗಿದ ಹಾಗೆ ಒಂದೊಂದಾಗಿ ಇಲಾಖೆಗೆ ಹೋದವು. ಮೂರನೆಯ ಪೆಟ್ಟಿಗೆಯ ನಡುವೆ ಒಂದು ಚಿತ್ರದಲ್ಲಿ ಅವಳ ಕೈ ನಿಂತಿತು. ಹಗ್ಗಕ್ಕೆ ನೇತುಬಿದ್ದ ಒಬ್ಬ ಮನುಷ್ಯ ಸೇತುವೆಯ ಕಂಬಕ್ಕೆ ಕೈ ಚಾಚಿದ್ದಾನೆ. ಕೈಯಲ್ಲಿ ಸೀಮೆಸುಣ್ಣದ ದೊಡ್ಡ ತುಂಡು ಇದೆ, ತುದಿ ಕಂಬಕ್ಕೆ ತಾಗಿದೆ. ಕಂಬದ ಮೇಲೆ ಏನೂ ಇಲ್ಲ.

ಒಂದು ನಿಮಿಷ ಹಾಗೇ ನೋಡುತ್ತ ಕೂತಳು. ಆಮೇಲೆ ಆ ಗುಂಡಿ ಒತ್ತದೆ ಅದೇ ಚಿತ್ರವನ್ನು ಮತ್ತೆ ಹಾಕಿದಳು. ಪರದೆಯ ಮೇಲಿನಿಂದ ಕೆಳಗೆ ಚಿತ್ರ ಇಳಿಯುತ್ತ ಬಂತು. ಧೂಳಿತ್ತು, ಕೂದಲೆಳೆಯಿತ್ತು, ಅವುಗಳ ನಡುವೆ ಬಿರುಕಿನ ಗುಂಟ ಎಳೆದ ಬಿಳಿಯ ಗೆರೆ, ಗೆರೆಯ ತುದಿಗೊಂದು ಅಡ್ಡಗೀಟು, ಅದರ ಪಕ್ಕದಲ್ಲಿ ತಾರೀಖು. ಬಿರುಕು ಆ ವರ್ಷ ಎಲ್ಲಿಯವರೆಗೆ ಬಂದಿತ್ತು ಎಂದು ಒಬ್ಬ ಮನುಷ್ಯ ನೇತಾಡಿ ಬರೆದಿಟ್ಟದ್ದು.

ಅವಳಿಗೆ ಅರ್ಥವಾಯಿತು. ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯಲ್ಲಿ. ಆ ಕಾಣದ ಬೆಳಕನ್ನು ಬೆಳ್ಳಿಯೂ ತಡೆಯುತ್ತದೆ, ಧೂಳೂ ತಡೆಯುತ್ತದೆ. ಕಂಬದ ಮೇಲಿನ ತೆಳ್ಳನೆಯ ಬಿಳಿ ಗೆರೆ ನೆಗೆಟಿವ್‌ನಲ್ಲಿ ಗಟ್ಟಿ ಬೆಳ್ಳಿಯ ಎಳೆ. ಯಂತ್ರ ಅದನ್ನು ಗೀರು ಎಂದುಕೊಂಡು ಅಳಿಸಿಬಿಟ್ಟಿತ್ತು. ಎರಡು ಪೆಟ್ಟಿಗೆ ತುಂಬ ಹಾಗೆಯೇ ಅಳಿಸಿತ್ತು.

*

“ನನ್ನನ್ನು ಇಲಾಖೆಗೆ ಕರೆಸಿದ್ರು,” ಎಂದರು ಅಜ್ಜ. ಚಹಾದ ಲೋಟ ಹಿಡಿದು ದರ್ಜಿಯ ಪಕ್ಕದಲ್ಲಿ ಕೂತಿದ್ದರು. ಕಿವಿ ಕೇಳಿಸದವರ ದನಿ ದೊಡ್ಡದು, ಕೋಣೆಯಲ್ಲಿದ್ದವರೆಲ್ಲ ಕೇಳುತ್ತಿದ್ದರು. “ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು. ಹೊಸ ಇಂಜಿನಿಯರ್, ಒಳ್ಳೇ ಹುಡುಗಿ, ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ‘ಪ್ರತಿ ವರ್ಷ ಗುರುತು ಹಾಕಿದ್ದೀನಿ ಅಂತ ಪುಸ್ತಕದಲ್ಲಿ ಬರೆದಿದ್ದೀರಿ. ಗುರುತು ಎಲ್ಲಿ?’ ಅಂದಳು. ನೋಡಿದ್ರೆ ನಿಜವಾಗ್ಲೂ ಇಲ್ಲ. ಕಂಬ ನುಣ್ಣಗಿದೆ. ನನ್ನದೇ ಕೈ ಕಾಣ್ತಾ ಇದೆ, ನಾನು ಬರೆದದ್ದು ಕಾಣ್ತಿಲ್ಲ.”

“ಕಂಬಕ್ಕೇ ಹೋಗಿ ನೋಡಬಹುದಿತ್ತಲ್ಲ, ಅಜ್ಜ?” ಎಂದಳು ಮಗಳು.

“ಸೀಮೆಸುಣ್ಣ ಒಂದು ಮಳೆಗೆ ಹೋಗುತ್ತೆ ಮಗಳೇ. ಅದಕ್ಕೇ ಫೋಟೋ ತೆಗೀತಿದ್ದದ್ದು.” ಒಂದು ಗುಟುಕು ಕುಡಿದರು. “ಗೆರೆ ಇಲ್ಲ ಅಂದ್ರೆ ಎರಡು ಅರ್ಥ. ಒಂದು, ಬಿರುಕೆಲ್ಲ ಈಗ ಹೊಸದಾಗಿ ಬಿದ್ದಿದೆ, ಸೇತುವೆ ಇವತ್ತೋ ನಾಳೆಯೋ ಅಂತಿದೆ. ಮುಚ್ಚೋದಕ್ಕೆ ಕಾಗದ ತಯಾರಾಗಿತ್ತು. ಆಚೆ ದಡದವರು ಆಸ್ಪತ್ರೆಗೆ ಬರೋದು ಹೇಗೆ, ಶಾಲೆಗೆ ಬರೋದು ಹೇಗೆ? ಎರಡನೇದು, ನಾನು ಇಪ್ಪತ್ತಾರು ವರ್ಷ ಹಗ್ಗ ಹತ್ತದೆ, ನೆಲದ ಮೇಲೆ ಕೂತು ಪುಸ್ತಕ ತುಂಬಿಸಿದ್ದೀನಿ. ನನ್ನ ಕೆಳಗೆ ಕೆಲಸ ಕಲಿತವರೇ ದಾರೀಲಿ ಕಂಡ್ರೆ ಮುಖ ಆ ಕಡೆ ತಿರುಗಿಸಿದ್ರು. ಮನೆಯವಳು ಒಂದು ರಾತ್ರಿ ಕೇಳಿದಳು, ‘ನಿಜ ಹೇಳಿ, ಹತ್ತಿದ್ರಾ?’ ಅಂತ. ಹಗ್ಗ ಎಳೆದು ಇಳಿದ ಈ ಭುಜ ನೋಡಿಯೂ ಕೇಳಿದಳಲ್ಲ ಅಂತ ಎರಡು ದಿನ ಊಟ ಬಿಟ್ಟಿದ್ದೆ.”

ದರ್ಜಿ ಅವರ ಭುಜ ನೋಡಿದ. ಅಳತೆ ತೆಗೆಯುವವನ ಕಣ್ಣು. ಆ ಅಂಗಿ ಹೊಲಿದವನು ಬಲತೋಳನ್ನು ಸರಿಯಾಗಿ ಇಳಿಸಿಲ್ಲ ಎಂಬುದೂ ಅವನಿಗೆ ಕಂಡಿತು.

“ಆಮೇಲೆ ಇವರು ಬಂದ್ರು,” ಎಂದು ಅಜ್ಜ ಮಲಗಿದ್ದವಳ ಕಡೆ ಕೈ ತೋರಿಸಿದರು.

*

ಗೆರೆ ಕಂಡ ದಿನ ಅವಳು ಮೊದಲು ಹೇಳಿದ್ದು ಯಜಮಾನನಿಗೆ. ಅವನು ಬಾಗಿಲು ಮುಚ್ಚಿ ಬಂದು ಕೂತ.

“ಮೂರನೇ ಪೆಟ್ಟಿಗೆ ಸರಿಯಾಗಿ ಮಾಡಿ ಕೊಡು. ಮೊದಲ ಎರಡರ ಮಾತೆತ್ತಬೇಡ. ಹಳೇ ಕಂಬದ ಫೋಟೋ ಯಾರು ನೋಡ್ತಾರೆ? ಬೀರುವಿಗೆ ಹೋಗುತ್ತೆ, ಅಲ್ಲೇ ಇರುತ್ತೆ.”

“ನೋಡದೇ ಇರೋದಾದ್ರೆ ನಮಗೆ ಯಾಕೆ ಕೊಡ್ತಿದ್ರು?”

“ಅಕ್ಕ, ತಪ್ಪು ಅಂತ ಒಪ್ಪಿಕೊಂಡ್ರೆ ಇನ್ನು ಯಾವ ಕಚೇರಿಯೂ ನಮ್ಮ ಹೊಸ್ತಿಲು ತುಳಿಯಲ್ಲ.”

“ನೀವು ಹೋಗಬೇಡಿ. ನಾನು ಹೋಗ್ತೀನಿ.”

ಮರುದಿನ ಅವಳು ರಜೆ ಹಾಕಿ, ಸರಿಯಾಗಿ ಮತ್ತೆ ಸ್ಕ್ಯಾನ್ ಮಾಡಿದ ನಲವತ್ತು ಚಿತ್ರಗಳನ್ನೂ ಅವುಗಳ ನೆಗೆಟಿವನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಇಲಾಖೆಗೆ ಹೋದಳು. ಬಸ್ಸಿನ ನಂಬರನ್ನು ಗಂಡ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಇಂಜಿನಿಯರ್ ಮೇಜಿನ ಮೇಲೆ ಒಂದೇ ಕಂಬದ ಎರಡು ಚಿತ್ರ ಇಟ್ಟಳು, ಗೆರೆಯಿಲ್ಲದ್ದು ಒಂದು, ಗೆರೆಯಿರುವುದು ಒಂದು. ಅನುಮಾನ ಬಾರದಿರಲೆಂದು ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯನ್ನೂ ಕೊಟ್ಟಳು.

“ಇದು ಯಂತ್ರದ ತಪ್ಪಾ?” ಎಂದು ಇಂಜಿನಿಯರ್ ಕೇಳಿದಳು.

“ಯಂತ್ರ ಹೇಳಿದ್ದು ಕೇಳುತ್ತೆ, ಅಮ್ಮ. ಹೇಳಿದ ಕೈ ನನ್ನದು. ತಪ್ಪು ನನ್ನದು ಅಂತ ಬರೆದುಕೊಡ್ತೀನಿ, ಕಾಗದ ಕೊಡಿ.”

ಯಜಮಾನನ ಹೆಸರು ಆ ಕಾಗದದಲ್ಲಿ ಬರಲಿಲ್ಲ. ಗೋಡೆಯ ಬದಿಯ ಬೆಂಚಿನಲ್ಲಿ ವಿಚಾರಣೆಗೆಂದು ಬಂದು ಕೂತಿದ್ದ ಉದ್ದನೆಯ ಮನುಷ್ಯ ಎದ್ದು ಬಂದು ಆ ಚಿತ್ರ ನೋಡಿದ. ತಾರೀಖಿನಲ್ಲಿದ್ದ ಏಳರ ಅಂಕಿಯ ಮೇಲೆ ಬೆರಳಿಟ್ಟ. “ಇದು ನನ್ನ ಏಳು. ಹೊಟ್ಟೆಗೆ ಅಡ್ಡಗೀಟು ಹಾಕೋದು ನಾನೊಬ್ಬನೇ,” ಎಂದ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಗೆರೆಗಳನ್ನು ಅಳೆದು ನೋಡಿದಾಗ ಬಿರುಕು ಇಪ್ಪತ್ತಾರು ವರ್ಷದಲ್ಲಿ ಬೆಳೆದದ್ದು ನಾಲ್ಕೇ ಬೆರಳು ಎಂದು ತಿಳಿಯಿತು. ಸೇತುವೆ ಮುಚ್ಚಲಿಲ್ಲ. ಬೇಸಿಗೆಯಲ್ಲಿ ಕಂಬಕ್ಕೆ ಉಕ್ಕಿನ ಪಟ್ಟಿ ಬಿಗಿದರು, ಅಷ್ಟೇ.

ಅಂಗಡಿಯಲ್ಲಿ ಮಾತ್ರ ಯಜಮಾನ ಅವಳನ್ನು ಸ್ಕ್ಯಾನರಿನಿಂದ ಎಬ್ಬಿಸಿ ಮೂರು ತಿಂಗಳು ಗಿರಾಕಿಗಳು ಬರುವ ಮುಂದಿನ ಕೌಂಟರಿಗೆ ಹಾಕಿದ. ಕೇಳಿದವರಿಗೆ, “ಅಕ್ಕನ ಕಣ್ಣು ಸ್ವಲ್ಪ ಮಂಜಾಗಿದೆ” ಎಂದ. ಅವಳು ಎದುರಾಡಲಿಲ್ಲ, ಕವರುಗಳ ಮೇಲೆ ಹೆಸರು ಬರೆಯುತ್ತ ನೆಟ್ಟಗೆ ಕೂತಳು. ನಾಲ್ಕನೆಯ ತಿಂಗಳು ಸೇತುವೆ ಇಲಾಖೆಯಿಂದ ಮತ್ತೆ ಐದು ಪೆಟ್ಟಿಗೆ ಬಂದವು. ಮೇಲೆ ಚೀಟಿ ಅಂಟಿಸಿತ್ತು: ‘ಹಿಂದೆ ಬಂದಿದ್ದ ಆ ಅಮ್ಮನೇ ಮಾಡಬೇಕು.’ ಯಜಮಾನ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, “ಒಳಗೆ ಹೋಗಕ್ಕ” ಎಂದ. ಅವಳು ಒಂದೇ ಮಾತು ಕೇಳಿದಳು: “ಆ ಗುಂಡಿ ಒತ್ತೋದು ಬಿಡೋದು ಇನ್ನು ನನ್ನಿಷ್ಟ. ಏನೇನು ತೆಗೆದಿದ್ದೀನಿ ಅಂತ ಪ್ರತಿ ಕವರಿನ ಮೇಲೂ ಬರೀತೀನಿ.” ಅವನು ತಲೆಯಾಡಿಸಿದ.

*

“ಅಷ್ಟು ಸಣ್ಣ ಗೆರೆ ಕಂಡಿತ್ತು ಅಂದರೆ ಅಮ್ಮನಿಗೆ ಕಣ್ಣು ಮಂಜಾಗಿರಲಿಲ್ಲ,” ಎಂದಳು ಅಜ್ಜನ ಮಾತು ಮುಗಿದಾಗ ಮಗಳು. ಆಗ ಅವಳು ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಯಜಮಾನನ ಮಾತು ನಂಬಿ ಅಮ್ಮನ ಕಣ್ಣಿಗೆಂದು ಕೈಗೆ ಸಿಕ್ಕ ಔಷಧಿಯೆಲ್ಲ ಕಳಿಸಿದ್ದಳು.

“ಮಂಜಾ? ಆ ಕಣ್ಣಿಗಾ?” ಅಜ್ಜ ಸುತ್ತ ನೋಡಿದರು. “ಇಲ್ಲಿ ಸ್ಟುಡಿಯೋ ಯಜಮಾನರು ಯಾರು?”

ದರ್ಜಿ ಗದ್ದದಿಂದ ತೋರಿಸಿದ. ಯಜಮಾನ ಎರಡು ಹೆಜ್ಜೆ ಮುಂದೆ ಬಂದ.

“ಪುಣ್ಯವಂತರು ನೀವು,” ಎಂದು ಅಜ್ಜ ಅವನ ಕೈ ಹಿಡಿದುಕೊಂಡರು. “ತನ್ನ ತಪ್ಪನ್ನ ತಾನೇ ಹೊತ್ತುಕೊಂಡು ಬರೋ ಕೆಲಸದವರು ಎಲ್ಲರಿಗೂ ಸಿಗಲ್ಲ. ಮನುಷ್ಯ ಅಂದ ಮೇಲೆ ತಪ್ಪು ಮಾಡ್ತಾನೆ. ಅವರು ಮಾಡಿದ್ರು, ಒಪ್ಪಿಕೊಂಡ್ರು. ನಾನಾಗಿದ್ರೆ ಒಪ್ಪಿಕೊಳ್ತಿದ್ನೋ ಇಲ್ಲವೋ.”

ಯಜಮಾನ ದರ್ಜಿಯ ಕಡೆ ನೋಡಿದ. ದರ್ಜಿ ಎಲ್ಲ ಬಲ್ಲವನು. ಇಲಾಖೆಗೆ ಹೋಗಿ ಬಂದ ಸಂಜೆ ಅವಳು ಊಟಕ್ಕೆ ಕೂತು ಹೇಳಿದ ಒಂದೊಂದು ಮಾತೂ ಅವನಿಗೆ ನೆನಪಿತ್ತು. ‘ಒತ್ತು ಅಂತ ಯಜಮಾನ್ರು ಹೇಳಿದ್ದು ನಿಜ, ಆದರೆ ಒತ್ತಿದ್ದು ನಾನು ತಾನೇ’ ಎಂದಿದ್ದಳು. ಈಗ ಅವನು ಯಜಮಾನನ ಮುಖ ನೋಡದೆ, ಅಜ್ಜನ ಖಾಲಿ ಲೋಟ ಇಸಿದುಕೊಂಡು, “ವ್ಯಾನ್ ಬಂತು ಅನ್ಸುತ್ತೆ” ಎಂದಷ್ಟೇ ಹೇಳಿದ.

ವ್ಯಾನ್ ಬಂದಿತ್ತು.

ಸ್ಮಶಾನದಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗುಂಡಿ ತೋಡಿದವರು ಅಂಚನ್ನು ಅಚ್ಚುಕಟ್ಟಾಗಿ ಕಡಿದಿದ್ದರು. ಅಜ್ಜ ಬಗ್ಗಿ ಅದನ್ನೂ ಗಿಣ್ಣಿನಿಂದ ತಟ್ಟಿ ನೋಡಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಯಜಮಾನ ಹಾಕುವಾಗ ಅವನ ಕೈ ಬಹಳ ಹೊತ್ತು ಮುಚ್ಚಿಕೊಂಡೇ ಇತ್ತು. ಹಿಂದೆ ನಿಂತವರು ಕಾದರು. ಕೊನೆಗೆ ಮಗಳೇ, “ಬಿಡಿ ಮಾಮ,” ಎಂದು ಅವನ ಮಣಿಕಟ್ಟು ಮುಟ್ಟಿದಳು.

ಜನ ಚದುರಿದರು. ಅಜ್ಜ ಬಸ್ ನಿಲ್ದಾಣ ಎಲ್ಲಿ ಎಂದು ಯಾರನ್ನೋ ಕೇಳುತ್ತಿದ್ದರು. ಯಜಮಾನ ಅವರ ಬಳಿ ಹೋದ.

“ನಾನು ಬಿಟ್ಟು ಬರ್ತೀನಿ, ಬನ್ನಿ.”

“ನನ್ನ ಮನೆ ಸೇತುವೆಯ ಆಚೆಗಿದೆ. ನಿಮಗೆ ಸುತ್ತು.”

“ಆಗಲಿ, ಬನ್ನಿ.”

ಅವರನ್ನು ಹಿಡಿದು ಕೂರಿಸಿ, ತಾನೂ ಕೂತು, ಕಾರು ಶುರು ಮಾಡಿದ. ಮಗಳು ಅಪ್ಪನ ಕೈ ಹಿಡಿದು ಗೇಟಿನ ಬಳಿ ನಿಂತಿದ್ದಳು. ಕಾರು ಗುರುಗುಟ್ಟಿತೇ ಹೊರತು ಮುಂದೆ ಹೋಗಲಿಲ್ಲ. ಕಿಟಕಿಯ ಗಾಜುಗಳು ಮೇಲೇರಿದ್ದವು. ಯಜಮಾನ ಎದುರಿನ ರಸ್ತೆ ನೋಡುತ್ತ ಏನೋ ಹೇಳುತ್ತಿದ್ದ. ನಿಲ್ಲಿಸಿದ, ಮತ್ತೆ ಹೇಳಿದ. ಅಜ್ಜ ಒಳ್ಳೆಯ ಕಿವಿಯನ್ನು ಅವನ ಕಡೆ ತಿರುಗಿಸಿ, ಅದರ ಹಿಂದೆ ಅಂಗೈ ಆನಿಸಿದರು. ಅವನ ಎರಡು ಕೈಗಳೂ ಸ್ಟೀರಿಂಗಿನಿಂದ ಜಾರಿ ತೊಡೆಗೆ ಬಿದ್ದವು.

“ಏನಂತೆ ಅಪ್ಪ? ಹೋಗಿ ನೋಡಲಾ?”

“ಬೇಡ. ಇರಲಿ.”

ಕಾರಿನೊಳಗೆ ಅಜ್ಜ ಅಲುಗಾಡದೆ ಕೂತಿದ್ದರು. ಆಮೇಲೆ ಆ ಇಳಿದ ಭುಜವನ್ನು ಮುಂದೆ ಬಗ್ಗಿಸಿ, ಕೈ ಚಾಚಿ, ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದರು. ಮತ್ತೆ ಅಂಗೈಯನ್ನು ಕಿವಿಯ ಹಿಂದೆ ಆನಿಸಿ, ಮೊದಲಿನಿಂದ ಹೇಳು ಎಂಬಂತೆ ಅವನ ಕಡೆ ತಲೆಯಾಡಿಸಿದರು.